ಪಶುವೈದ್ಯ ವಿದ್ಯಾರ್ಥಿಗಳೇ, ಮೊದಲು ಆರೋಗ್ಯವಾಗಿರೋ ಹಸುವನ್ನು ಮುಟ್ಟಿ

ಇಂಟರ್ನ್‌ಶಿಪ್‌ಗೆ ಬರುವ ಹುಡುಗ ಹುಡುಗಿಯರು ಬಂದ ಮೊದಲ ದಿನವೇ ಕೇಳುವ ಪ್ರಶ್ನೆ ಒಂದೇ. "ಸಾರ್, ಐವಿ ಯಾವಾಗ ಕಲಿಸ್ತೀರಾ?" ಐವಿ ಅಂದರೆ ರಕ್ತನಾಳಕ್ಕೇ ನೇರವಾಗಿ ಮದ್ದು ಕೊಡುವುದು. ಆಸೆ ಸಹಜ. ನಾಲ್ಕೂವರೆ ವರ್ಷ ಓದಿ, ಇನ್ನೊಂದು ವರ್ಷ ಕಳೆದರೆ ಡಾಕ್ಟರ್ ಅನ್ನಿಸಿಕೊಳ್ಳುವವರಿಗೆ ಸಿರಿಂಜ್ ಕೈಗೆ ಬಂದರೇನೇ ಕೆಲಸ ಶುರುವಾದ ಹಾಗೆ ಅನ್ನಿಸುತ್ತದೆ. ನಾನು ಮಾತ್ರ ಅವರನ್ನು ಮೊದಲ ವಾರ ಪೂರ್ತಿ ಆರಾಮಾಗಿ ಮೆಲುಕು ಹಾಕುತ್ತಾ ನಿಂತಿರುವ ಹಸುಗಳ ಹತ್ತಿರ ಬಿಡುತ್ತೇನೆ. ಕೆಲವರಿಗೆ ಬೇಜಾರಾಗುತ್ತದೆ, ಟೈಂ ವೇಸ್ಟ್ ಅನ್ನಿಸುತ್ತದೆ. ಆದರೂ ಬಿಡುವುದಿಲ್ಲ.

ಕಾರಣ ಇಷ್ಟೇ. ಆಸ್ಪತ್ರೆಗೆ ಬರುವುದೆಲ್ಲ ಕಾಯಿಲೆ ದನ. ಹಳ್ಳಿಗೆ ಕರೆಯುವುದೂ ಕಾಯಿಲೆ ದನ ನೋಡಲಿಕ್ಕೆ. ಹಾಗಾಗಿ ನಮ್ಮ ವಿದ್ಯಾರ್ಥಿ ಕಾಯಿಲೆ ಹೊಟ್ಟೆ ಮುಟ್ಟಿರುತ್ತಾನೆ, ಕಾಯಿಲೆ ಎದೆಬಡಿತ ಕೇಳಿರುತ್ತಾನೆ, ಆದರೆ ಚೆನ್ನಾಗಿರುವ ಹಸುವಿನ ಹೊಟ್ಟೆ ಕೈಗೆ ಹೇಗೆ ಸಿಗುತ್ತದೆ ಅಂತ ಅವನಿಗೆ ಗೊತ್ತಿರುವುದಿಲ್ಲ. ಸರಿ ಇರುವುದು ಕೈಗೆ ಗೊತ್ತಿಲ್ಲದಿದ್ದರೆ ತಪ್ಪಿರುವುದು ಹೇಗೆ ಗೊತ್ತಾಗಬೇಕು, ಹೇಳಿ?

ಮುಟ್ಟುವ ಮೊದಲು ನಿಲ್ಲುವುದನ್ನು ಕಲಿಯಿರಿ. ಹತ್ತಿರ ಹೋಗುವಾಗ ಮಾತಾಡುತ್ತಾ ಹೋಗಿ, ನೀವು ಬರುತ್ತಿರುವುದು ಹಸುವಿಗೆ ಗೊತ್ತಾಗಲಿ. ಹಸು ಹಿಂದಕ್ಕಷ್ಟೇ ಒದೆಯುವುದಿಲ್ಲ, ಕಾಲನ್ನು ಮುಂದಕ್ಕೆ ತಂದು ಪಕ್ಕಕ್ಕೆ ಬೀಸುತ್ತದೆ. ಆದ್ದರಿಂದ ಒಂದೋ ಮೈಗೆ ಅಂಟಿಕೊಂಡೇ ನಿಲ್ಲಿ, ಇಲ್ಲವೇ ಪೂರ್ತಿ ದೂರ ನಿಲ್ಲಿ. ಏಟು ಜಾಸ್ತಿ ಬೀಳುವುದು ಅರೆಬರೆ ದೂರದಲ್ಲಿ ನಿಂತವರಿಗೇ. "ಒದೆಯೋ ಅಭ್ಯಾಸ ಇದೆಯಾ, ಯಾವ ಕಾಲು?" ಅಂತ ಮನೆಯವರನ್ನು ಕೇಳುವುದಕ್ಕೆ ನಾಚಿಕೆ ಬೇಡ. ದಿನಾ ಹಾಲು ಕರೆಯುವ ಅಮ್ಮನಿಗೆ ಅದು ಚೆನ್ನಾಗಿ ಗೊತ್ತು. ತಲೆ ಕಟ್ಟುವಾಗ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಜಾರುಗಂಟನ್ನೇ ಹಾಕಿ. ಹಸು ಕುಸಿದು ಬಿದ್ದು ಮೂಗುದಾರ ಬಿಗಿದಾಗ ಗಂಟು ಬಿಚ್ಚುತ್ತಾ ಕೂರಲು ಆಗುವುದಿಲ್ಲ.

ಇನ್ನು ಪರೀಕ್ಷೆ. ಮೊದಲು ಉಸಿರಾಟ ಎಣಿಸಿ, ಅದೂ ದೂರದಿಂದ. ಹಿಂದೆ ಸ್ವಲ್ಪ ಪಕ್ಕಕ್ಕೆ ನಿಂತು ಪಕ್ಕೆ ಏರಿಳಿಯುವುದನ್ನು ಒಂದು ನಿಮಿಷ ಪೂರ್ತಿ ನೋಡಿ. ಕೈ ಹಾಕಿದ ಮೇಲೆ ಎಣಿಸಿದರೆ ಅದು ಗಾಬರಿಯ ಉಸಿರು. ಪುಸ್ತಕದಲ್ಲಿ ನಿಮಿಷಕ್ಕೆ 10ರಿಂದ 30 ಅಂತ ಇರುತ್ತದೆ, ಸರಿ. ಆದರೆ ಏಪ್ರಿಲ್ ತಿಂಗಳ ಮಧ್ಯಾಹ್ನ ತಗಡಿನ ಶೀಟಿನ ಕೆಳಗೆ ಕಟ್ಟಿದ ವಿದೇಶಿ ತಳಿಯ ಎಚ್‌ಎಫ್ ಹಸು ಯಾವ ಕಾಯಿಲೆಯೂ ಇಲ್ಲದೆ 50 ದಾಟುತ್ತದೆ, ಅದೇ ಕೊಟ್ಟಿಗೆಯ ನಾಟಿ ತಳಿಯ ಹಳ್ಳಿಕಾರ್ ಹಸು ಆರಾಮಾಗಿ ನಿಂತಿರುತ್ತದೆ. ಇದನ್ನು ಕಣ್ಣಾರೆ ನೋಡದೆ ನಂಬರ್ ಮಾತ್ರ ಬಾಯಿಪಾಠ ಮಾಡಿಕೊಂಡವರು ಸೆಕೆಯಲ್ಲಿ ಏದುಸಿರು ಬಿಡುವ ಹಸುವಿಗೆ ನ್ಯುಮೋನಿಯಾ ಅಂತ ಆಂಟಿಬಯೋಟಿಕ್ ಹಾಕುತ್ತಾರೆ.

ಥರ್ಮಾಮೀಟರ್ ಇಡುವುದು ಸುಲಭ ಅಂತ ಎಲ್ಲರೂ ತಿಳಿದಿದ್ದಾರೆ. ನೇರ ಒಳಗೆ ತಳ್ಳಿದರೆ ಅದು ಸಗಣಿಯ ಮಧ್ಯೆ ಕೂರುತ್ತದೆ, ತಾಪ ತಪ್ಪು ತೋರಿಸುತ್ತದೆ. ಸ್ವಲ್ಪ ಓರೆ ಮಾಡಿ, ತುದಿ ಗುದದ್ವಾರದ ಒಳಗೋಡೆಗೆ ತಾಗುವ ಹಾಗೆ ಹಿಡಿದು ನಿಲ್ಲಬೇಕು, ಕೈ ಬಿಡಬಾರದು. ಒಳಗೆ ಕೈ ಹಾಕಿ ಗಬ್ಬ ನೋಡುವುದಿದ್ದರೆ ತಾಪ ಅದಕ್ಕಿಂತ ಮೊದಲೇ ನೋಡಿ, ಆಮೇಲೆ ನೋಡಿದರೆ ಒಳಗೆ ಗಾಳಿ ಹೋಗಿ ಕಡಿಮೆ ತೋರಿಸುತ್ತದೆ. ಹಸುವಿಗೆ 101.5 ಡಿಗ್ರಿ ಫ್ಯಾರನ್‌ಹೀಟ್ ಆಚೀಚೆ ಮಾಮೂಲಿ. ಬೆಳಿಗ್ಗೆಗಿಂತ ಸಂಜೆ ಸ್ವಲ್ಪ ಜಾಸ್ತಿ ಇರುತ್ತದೆ. ಕುರಿ ಮೇಕೆಗೆ 103 ಬಂದರೆ ಗಾಬರಿಯಾಗಬೇಡಿ, ಅವುಗಳ ಮೈ ಬಿಸಿಯೇ ಅಷ್ಟು.

ನಾಡಿಗೆ ಬಾಲ ಎತ್ತಿ. ಗುದದಿಂದ ಸುಮಾರು ಅರ್ಧ ಗೇಣು ಕೆಳಗೆ, ಬಾಲದ ಒಳಮೈಯ ನಡುಗೆರೆಯಲ್ಲಿ ಎರಡು ಬೆರಳಿಟ್ಟು ಕಾಯಿರಿ. ಹೆಬ್ಬೆರಳು ಬೇಡ, ನಿಮ್ಮದೇ ನಾಡಿ ಸಿಗುತ್ತದೆ. ನಾಡಿ ನಿಮಿಷಕ್ಕೆ 60ರಿಂದ 80ರವರೆಗೆ ಇರುತ್ತದೆ. ಮೊದಲ ಸಲ ಏನೂ ಸಿಗದಿದ್ದರೆ ಒತ್ತಡ ಕಡಿಮೆ ಮಾಡಿ ನೋಡಿ, ಹೆಚ್ಚಿನವರು ಜಾಸ್ತಿ ಒತ್ತಿ ನಾಡಿಯನ್ನೇ ಮುಚ್ಚಿಬಿಡುತ್ತಾರೆ.

ನನಗೆ ತುಂಬಾ ಮುಖ್ಯ ಅನ್ನಿಸುವುದು ಎಡಗಡೆ ಹೊಟ್ಟೆ. ಕೊನೆಯ ಪಕ್ಕೆಲುಬಿನ ಹಿಂದೆ ಇರುವ ತಗ್ಗಿನಲ್ಲಿ ಮುಷ್ಟಿ ಇಟ್ಟು, ಹದವಾಗಿ ಒತ್ತಿ, ಸುಮ್ನೆ ನಿಂತುಕೊಳ್ಳಿ. ರೂಮೆನ್, ಅಂದರೆ ಹಸುವಿನ ಮೊದಲ ದೊಡ್ಡ ಹೊಟ್ಟೆ, ಎದ್ದು ಬಂದು ನಿಮ್ಮ ಮುಷ್ಟಿಯನ್ನು ಹೊರಗೆ ತಳ್ಳುತ್ತದೆ, ಮತ್ತೆ ಇಳಿಯುತ್ತದೆ. ಚೆನ್ನಾಗಿರುವ ಹಸುವಿನಲ್ಲಿ ಎರಡು ನಿಮಿಷಕ್ಕೆ ಎರಡರಿಂದ ನಾಲ್ಕು ಸಲ ಹೀಗಾಗುತ್ತದೆ. ಎರಡು ನಿಮಿಷ ಕೇಳಲು ಚಿಕ್ಕದು, ಪಕ್ಕದಲ್ಲಿ ಯಜಮಾನರು "ಬೇಗ ಇಂಜೆಕ್ಷನ್ ಹಾಕಿ ಸಾರ್" ಅನ್ನುತ್ತಾ ನಿಂತಾಗ ಮಾತ್ರ ಬಹಳ ಉದ್ದ ಅನ್ನಿಸುತ್ತದೆ. ಆದರೂ ಕೈ ತೆಗೆಯಬೇಡಿ. ಅಲೆ ಎಣಿಸುವುದರ ಜೊತೆಗೆ ಒಳಗೆ ಏನಿದೆ ಅಂತಲೂ ನೋಡಿ. ಮೇಲೆ ಸ್ವಲ್ಪ ಗ್ಯಾಸು, ನಡುವೆ ಕಲಸಿದ ಹಿಟ್ಟಿನ ಹಾಗೆ ಬೆರಳು ಒತ್ತಿದ ಗುರುತು ಉಳಿಯುವ ಮೇವು, ಕೆಳಗೆ ನೀರು. ಮದುವೆ ಮನೆಯಲ್ಲಿ ಮಿಕ್ಕ ಅನ್ನ ತಿಂದ ಹಸುವಿನಲ್ಲಿ ಈ ಪದರಗಳೇ ಇರುವುದಿಲ್ಲ, ಅಲೆ ನಿಂತಿರುತ್ತದೆ, ಮುಷ್ಟಿಯಿಂದ ಗುದ್ದಿದರೆ ಒಳಗೆ ನೀರು ಕುಲುಕಿದ ಸದ್ದು ಬರುತ್ತದೆ. ನೂರು ರೂಪಾಯಿ ಖರ್ಚಿಲ್ಲದೆ ಅಸಿಡೋಸಿಸ್, ಅಂದರೆ ಹೊಟ್ಟೆಯಲ್ಲಿ ಹುಳಿ ಹೆಚ್ಚಾಗಿರುವುದು, ನಿಮ್ಮ ಕೈಗೆ ಸಿಕ್ಕಿತಲ್ಲ. ಈ ಪದರಗಳನ್ನು ಮೊದಲು ಆರೋಗ್ಯದ ಹಸುವಿನಲ್ಲಿ ಒತ್ತಿ ನೋಡಿದವರಿಗೆ ಮಾತ್ರ ಅದು ಸಿಗುತ್ತದೆ.

ಈಗ ಐವಿ. ಕರು ಹಾಕಿ ಎರಡನೇ ದಿನ, ನಾಲ್ಕನೇ ಸೂಲಿನ ಒಳ್ಳೆ ಹಾಲಿನ ಹಸು ಬೆಳಿಗ್ಗೆ ಎದ್ದಿಲ್ಲ ಅಂದುಕೊಳ್ಳಿ. ಕತ್ತು ಪಕ್ಕಕ್ಕೆ ತಿರುಗಿಸಿಕೊಂಡು ಮಲಗಿದೆ, ಕಿವಿ ತಣ್ಣಗಿದೆ, ಮೂಗು ಒಣಗಿದೆ, ಥರ್ಮಾಮೀಟರ್ 99 ತೋರಿಸುತ್ತಿದೆ, ಎದೆಬಡಿತ ದೂರದಿಂದ ಬಂದ ಹಾಗೆ ಮಂದವಾಗಿ ಕೇಳುತ್ತದೆ. ಇದು ಹಾಲುಜ್ವರ, ಹೆಸರಿಗಷ್ಟೇ ಜ್ವರ, ನಿಜಕ್ಕೆ ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆಯಾಗಿರುವುದು. 450 ಮಿಲಿಯ ಕ್ಯಾಲ್ಸಿಯಂ ಬಾಟ್ಲಿಯನ್ನು ಬಿಸಿನೀರಲ್ಲಿ ಇಟ್ಟು ಮೈ ಬಿಸಿಗೆ ತನ್ನಿ. ಕತ್ತಿನ ಪಕ್ಕದ ತೋಡಿನಂಥ ತಗ್ಗಿನ ಕೆಳಭಾಗದಲ್ಲಿ ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ, ರಕ್ತನಾಳ ಉಬ್ಬುವವರೆಗೆ ಕಾಯಿರಿ. ಮೇಲೆ ಬೆರಳಿನಿಂದ ತಟ್ಟಿದರೆ ಅಲೆ ಕೆಳಗಿನ ಹೆಬ್ಬೆರಳಿಗೆ ಬರುತ್ತದೆ, ಆಗ ಅದೇ ಸರಿಯಾದ ಜಾಗ. 16 ಗೇಜ್ ಸೂಜಿ, ಓರೆಯಾಗಿ, ಒಂದೇ ಸಲಕ್ಕೆ. ರಕ್ತ ತಡೆಯಿಲ್ಲದೆ ಸುರಿದ ಮೇಲೆ ಸೂಜಿಯನ್ನು ನಾಳದ ಉದ್ದಕ್ಕೆ ಪೂರ್ತಿ ಒಳಗೆ ಜಾರಿಸಿ. ತುದಿ ಮಾತ್ರ ಒಳಗಿದ್ದರೆ ಹಸು ತಲೆ ಅಲ್ಲಾಡಿಸಿದ ಕೂಡಲೇ ಆಚೆ ಬಂದು ಕ್ಯಾಲ್ಸಿಯಂ ಚರ್ಮದ ಕೆಳಗೆ ಹೋಗುತ್ತದೆ, ಕತ್ತು ಊದಿಕೊಂಡು ದಿನಗಟ್ಟಲೆ ನೋಯುತ್ತದೆ.

ಒಂದು ಕೈಯಲ್ಲಿ ಬಾಟ್ಲಿ, ಇನ್ನೊಂದು ಕೈಯಲ್ಲಿ ಹಸುವಿನ ಎಡ ಮೊಣಕೈ ಹಿಂದೆ ಸ್ಟೆಥೋಸ್ಕೋಪ್. ಇದರಲ್ಲಿ ರಾಜಿ ಇಲ್ಲ. ಬಾಟ್ಲಿ ಎತ್ತಿದಷ್ಟೂ ಕ್ಯಾಲ್ಸಿಯಂ ಜೋರಾಗಿ ಹೋಗುತ್ತದೆ, ಇಳಿಸಿದರೆ ನಿಧಾನ ಆಗುತ್ತದೆ. ಹತ್ತು ಹದಿನೈದು ನಿಮಿಷಕ್ಕಿಂತ ಬೇಗ ಮುಗಿಸಬೇಡಿ. ಬಡಿತ ತಪ್ಪಿದರೆ, ಇದ್ದಕ್ಕಿದ್ದ ಹಾಗೆ ಲಯ ಕೆಟ್ಟರೆ, ಅಲ್ಲಿಗೇ ಟ್ಯೂಬ್ ಹಿಸುಕಿ ನಿಲ್ಲಿಸಿ. ಅವಸರದ ಕ್ಯಾಲ್ಸಿಯಂ ಹೃದಯ ನಿಲ್ಲಿಸಿ ಹಸುವನ್ನು ಕಣ್ಣೆದುರೇ ಕೊಲ್ಲುತ್ತದೆ. ಸರಿಯಾಗಿ ಹೋದರೆ ಮಂದವಾಗಿದ್ದ ಬಡಿತ ನಿಮ್ಮ ಕಿವಿಯಲ್ಲೇ ನಿಧಾನಕ್ಕೆ ಗಟ್ಟಿಯಾಗುತ್ತಾ ಬರುತ್ತದೆ. ಪಕ್ಕೆಯ ಮಾಂಸ ಸಣ್ಣಗೆ ನಡುಗುತ್ತದೆ. ಒಂದು ತೇಗು, ಸ್ವಲ್ಪ ಸಗಣಿ, ಆಮೇಲೆ ಒಣಗಿದ್ದ ಮೂಗಿನ ಮೇಲೆ ಹನಿ ಮೂಡುತ್ತದೆ. ಈ ಕೆಲಸದಲ್ಲಿ ನನಗೆ ಇವತ್ತಿಗೂ ಇದಕ್ಕಿಂತ ಖುಷಿ ಕೊಡುವುದು ಬೇರೆ ಇಲ್ಲ.

ಇಂಥ ಹಸುವಿಗೆ ನೀವು ಬರುವ ಮೊದಲೇ ಯಾರೋ ಗೊಟ್ಟದಲ್ಲಿ, ಅಂದರೆ ಬಾಯಿಗೆ ಮದ್ದು ಹೊಯ್ಯುವ ಬಿದಿರಿನ ಕೊಳವೆಯಲ್ಲಿ, ಬೆಲ್ಲದ ನೀರು, ಎಣ್ಣೆ ಕುಡಿಸಿರುತ್ತಾರೆ, ಅದನ್ನು ಕೇಳಿ ತಿಳಿದುಕೊಳ್ಳಿ. ಹಾಲುಜ್ವರದಲ್ಲಿ ನುಂಗುವ ಶಕ್ತಿ ಇರುವುದಿಲ್ಲ, ಕುಡಿಸಿದ್ದು ಶ್ವಾಸಕೋಶಕ್ಕೆ ಹೋಗುತ್ತದೆ, ಹಸು ಎದ್ದು ನಿಂತರೂ ನಾಲ್ಕು ದಿನದಲ್ಲಿ ನ್ಯುಮೋನಿಯಾದಿಂದ ಸಾಯಬಹುದು. ಯಾರನ್ನೂ ಬೈಯಬೇಡಿ. ನುಂಗಲು ಶಕ್ತಿ ಇರುವ ದನಕ್ಕೆ ಗೊಟ್ಟ ಹಾಕುವುದು ಹೇಗೆ ಅಂತ ತೋರಿಸಿ: ಮೂತಿ ಬೆನ್ನಿನ ಮಟ್ಟಕ್ಕಿಂತ ಮೇಲೆ ಹೋಗಬಾರದು, ನಾಲಿಗೆ ಹಿಡಿದು ಎಳೆಯಬಾರದು, ಸ್ವಲ್ಪ ಸ್ವಲ್ಪವೇ ಹಾಕಬೇಕು, ಕೆಮ್ಮಿದರೆ ತಕ್ಷಣ ತಲೆ ಬಿಡಬೇಕು.

ಮಾಂಸಖಂಡಕ್ಕೆ ಕೊಡುವ ಇಂಜೆಕ್ಷನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕತ್ತಿನ ಪಕ್ಕದಲ್ಲಿ ಕೊಡಿ, ತೊಡೆಯ ಹಿಂಭಾಗದಲ್ಲಿ ದೊಡ್ಡ ನರ ಇದೆ, ಸಣ್ಣ ಕರುಗಳಲ್ಲಿ ಅದಕ್ಕೆ ಪೆಟ್ಟಾದರೆ ಕಾಲು ಎಳೆಯುತ್ತದೆ. ಮದ್ದು ತಳ್ಳುವ ಮೊದಲು ಪಿಸ್ಟನ್ ಹಿಂದಕ್ಕೆ ಎಳೆದು ರಕ್ತ ಬರುತ್ತದಾ ನೋಡಿ.

ಗಬ್ಬ ನೋಡುವುದನ್ನು ಕಲಿಯಲು ಕಸಾಯಿಖಾನೆಯಿಂದ ತಂದ ಗರ್ಭಕೋಶವನ್ನು ಮೊದಲು ಟೇಬಲ್ ಮೇಲಿಟ್ಟು ಕಣ್ಣು ಮುಚ್ಚಿಕೊಂಡು ಮುಟ್ಟಿ. ಸರ್ವಿಕ್ಸ್ (ಗರ್ಭಕೋಶದ ಕೊರಳು) ಯಾವುದು, ಗರ್ಭಕೋಶದ ಕೋಡು ಎಲ್ಲಿ ಕವಲೊಡೆಯುತ್ತದೆ, ಅಂಡಾಶಯ ಎಷ್ಟು ಚಿಕ್ಕದು ಅನ್ನುವುದು ಆಗ ಬೆರಳಿಗೆ ಬರುತ್ತದೆ. ಆಮೇಲೆ ಹಸು. ಉಗುರು ಕತ್ತರಿಸಿ, ಉಂಗುರ, ಬಳೆ, ವಾಚ್ ತೆಗೆದಿಡಿ, ಗ್ಲೌಸ್‌ಗೆ ಧಾರಾಳವಾಗಿ ಜಾರುವ ದ್ರವ ಹಚ್ಚಿ. ಕರುಳು ಬಿಗಿದು ಹಿಡಿದಾಗ ಕೈ ಅಲ್ಲಾಡಿಸದೆ ಕಾಯಿರಿ, ಸಡಿಲವಾದ ಮೇಲೆ ಮುಂದುವರಿಯಿರಿ. ಗ್ಲೌಸ್ ಮೇಲೆ ರಕ್ತ ಕಂಡರೆ ಅವತ್ತಿಗೆ ಆ ಹಸುವನ್ನು ಬಿಟ್ಟುಬಿಡಿ. ಒಂದೇ ಹಸುವಿಗೆ ಇಡೀ ಬ್ಯಾಚ್ ಕೈ ಹಾಕುವ ಪದ್ಧತಿ ನನಗೆ ಒಂಚೂರೂ ಒಪ್ಪಿಗೆ ಇಲ್ಲ. ಅದು ಹಸುವಿಗೆ ಹಿಂಸೆ, ಕೊನೆಯಲ್ಲಿ ಕೈ ಹಾಕಿದವರಿಗೆ ಬಾತುಕೊಂಡ ಕರುಳು ಬಿಟ್ಟು ಬೇರೇನೂ ಸಿಗುವುದಿಲ್ಲ.

ನಿಮ್ಮ ಜೀವದ ಮಾತೂ ಹೇಳಬೇಕು. ಬಾಯಲ್ಲಿ ಜೊಲ್ಲು, ಮೇವು ಬಿಟ್ಟಿದೆ, "ಗಂಟಲಲ್ಲಿ ಏನೋ ಸಿಕ್ಕಿದೆ, ಕೈ ಹಾಕಿ ನೋಡಿ ಸಾರ್" ಅನ್ನುತ್ತಾರೆ. ಕೈ ಹಾಕಬೇಡಿ. ಹುಚ್ಚುನಾಯಿ ರೋಗದ ಹಸುವೂ ಹೀಗೇ ಕಾಣಿಸುತ್ತದೆ. ಕೂಗು ಒಡೆದಿದೆಯಾ, ತಿಣುಕುತ್ತಿದೆಯಾ, ಈಚಿನ ತಿಂಗಳುಗಳಲ್ಲಿ ನಾಯಿ ಕಚ್ಚಿತ್ತಾ ಅಂತ ಕೇಳಿ. ಅನುಮಾನ ಇದ್ದರೆ ಸೀನಿಯರ್ ಬರುವವರೆಗೆ ಯಾರನ್ನೂ ಹತ್ತಿರ ಬಿಡಬೇಡಿ. ಜೊಲ್ಲು ಗಾಯಕ್ಕೆ ತಾಗಿದರೆ ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ. ಕ್ಲಿನಿಕ್‌ಗೆ ಕಾಲಿಡುವ ಮೊದಲೇ ರೇಬೀಸ್ ಲಸಿಕೆ ಮುಗಿಸಿರಬೇಕು, ಇದಕ್ಕೆ ಕಾಲೇಜು ನೆನಪಿಸಲಿ ಅಂತ ಕಾಯಬೇಡಿ. ಕರು ಹಾಕಿದ ಮೇಲೆ ಕಸ (ಮಾಸು) ಬೀಳದ ಹಸು, ಕಂದು ಹಾಕಿದ (ಗರ್ಭಪಾತವಾದ) ಹಸು ಸಿಕ್ಕರೆ ಗ್ಲೌಸ್ ಇಲ್ಲದೆ ಮುಟ್ಟಬೇಡಿ, ಮನುಷ್ಯರಿಗೂ ಅಂಟುವ ಬ್ರುಸೆಲ್ಲಾ ರೋಗಾಣು ಇರಬಹುದು. ಮುಂದೆ ಯಾವತ್ತಾದರೂ ಬಂದು ಹೋಗುವ ಜ್ವರ, ಕೀಲುನೋವು ಕಾಣಿಸಿಕೊಂಡರೆ ಡಾಕ್ಟರಿಗೆ ಮೊದಲು ಹೇಳಬೇಕಾದದ್ದು ನೀವು ಪಶುವೈದ್ಯರು ಅನ್ನುವುದನ್ನೇ.

ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನ, ಯಾವ ಕಾಲೇಜೇ ಇರಲಿ, ಕಲಿಕೆಗೆಂದು ಸಾಕಿದ ದನಗಳಿವೆ. ಅಲ್ಲಿನ ಮೇಷ್ಟ್ರುಗಳಲ್ಲಿ ನನ್ನದೊಂದು ಬೇಡಿಕೆ. ಎರಡನೇ ವರ್ಷದಿಂದಲೇ ಇಬ್ಬರು ವಿದ್ಯಾರ್ಥಿಗಳಿಗೆ ಒಂದು ಹಸುವನ್ನು ಒಂದು ವಾರದ ಮಟ್ಟಿಗೆ ವಹಿಸಿ. ಬೆಳಿಗ್ಗೆ ಸಂಜೆ ಉಸಿರು, ತಾಪ, ನಾಡಿ, ರೂಮೆನ್ ನೋಡಿ ಬರೆದಿಡಲಿ, ಇಬ್ಬರೂ ಬೇರೆ ಬೇರೆಯಾಗಿ ನೋಡಿ ಆಮೇಲೆ ಹೋಲಿಸಲಿ. ಲೆಕ್ಕ ತಾಳೆಯಾಗದಿದ್ದ ದಿನ ಇಬ್ಬರೂ ಮತ್ತೆ ಹೋಗಿ ಅದೇ ಹಸುವಿನ ಪಕ್ಕೆಗೆ ಮುಷ್ಟಿ ಇಟ್ಟು ನಿಲ್ಲಲಿ. ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಮೆಷಿನ್ ಬೇಡ. ಟೈಂಟೇಬಲ್‌ನಲ್ಲಿ ದಿನಕ್ಕೆ ಅರ್ಧ ಗಂಟೆ ಸಾಕು.