ಮೊದಲ 512 ಬೈಟ್‌ಗೆ ಕಾವಲು ಯಾರದು?

ಕಳೆದ ಮಳೆಗಾಲದ ಒಂದು ಸಂಜೆ ಗಾಬರಿಯಲ್ಲಿ ಹಂಪನಕಟ್ಟೆಯ ರಿಪೇರಿ ಅಂಗಡಿಯೊಂದಕ್ಕೆ ಫೋನ್ ಮಾಡಿದೆ. ಪೆನ್‌ಡ್ರೈವ್‌ಗೆ ಲಿನಕ್ಸ್ ಹಾಕಲು ಹೋಗಿ, ಹೇಳಿದ ಡಿಸ್ಕ್‌ಗೆ ನೇರವಾಗಿ ಬರೆದುಬಿಡುವ ಡಿಡಿ ಕಮಾಂಡ್‌ನಲ್ಲಿ ಪೆನ್‌ಡ್ರೈವ್‌ನ ಹೆಸರಾದ 'ಎಸ್‌ಡಿಸಿ' ಬದಲು 'ಎಸ್‌ಡಿಬಿ' ಎಂದು ಹೊಡೆದಿದ್ದೆ. ಅದು ಮನೆಯ ಫೋಟೋಗಳೆಲ್ಲ ಇದ್ದ ಹಾರ್ಡ್‌ಡಿಸ್ಕ್. ಎರಡೇ ಸೆಕೆಂಡ್‌ಗೆ ನಿಲ್ಲಿಸಿದರೂ ಡಿಸ್ಕ್‌ನ ಮುಂಭಾಗ ಹೋಗಿತ್ತು.

"ಆಫ್ ಮಾಡ್ಬೇಡಿ ಮಾರಾಯ್ರೆ, ಕೇಬಲ್ ಮುಟ್ಬೇಡಿ" ಎಂದರು ಅಂಗಡಿಯವರು. ಫೋಟೋ ಇದ್ದದ್ದು ಡಿಸ್ಕ್‌ನ ಎರಡನೇ ಪಾರ್ಟಿಷನ್‌ನಲ್ಲಿ (ಭಾಗದಲ್ಲಿ), ಅದು ಮೌಂಟ್ ಆಗಿಯೇ, ಅಂದರೆ ಬಳಕೆಗೆ ತೆರೆದುಕೊಂಡೇ ಇತ್ತು. ಡಿಸ್ಕ್‌ನ ಪಾರ್ಟಿಷನ್ ಪಟ್ಟಿ ಅಳಿಸಿದ್ದರೂ ಕರ್ನಲ್‌ನ, ಅಂದರೆ ಸಿಸ್ಟಂನ ತಿರುಳಿನ, ನೆನಪಿನಲ್ಲಿ ಹಳೆಯ ಲೆಕ್ಕ ಉಳಿದಿತ್ತು. ರಾತ್ರಿಯಿಡೀ ಕಾಪಿ ಮಾಡಿ ಬಚಾವಾದೆ.

ತಪ್ಪು ನನ್ನದೇ, ಸರಿ. ಆದರೆ ಕಂಪ್ಯೂಟರ್ ಒಂದು ಮಾತು ಕೇಳಬಹುದಿತ್ತು, ಅಲ್ವಾ?

ಹಳೆಯ ಪದ್ಧತಿಯಲ್ಲಿ ಡಿಸ್ಕ್‌ನ ಮೊದಲ ಸೆಕ್ಟರ್ 512 ಬೈಟ್. ಕಂಪ್ಯೂಟರನ್ನು ಶುರು ಮಾಡುವ ಬೂಟ್ ಕೋಡ್‌ಗೆ 446, ನಾಲ್ಕು ಪಾರ್ಟಿಷನ್‌ಗಳ ವಿವರಕ್ಕೆ 64, ಕೊನೆಗೆ ಗುರುತಿನ ಎರಡು ಬೈಟ್. 1983ರ ಪಿಸಿ ಡಾಸ್ 2.0 ಆಪರೇಟಿಂಗ್ ಸಿಸ್ಟಂ ಜೊತೆ ಬಂದ ಏರ್ಪಾಡು ಇದು. ಡಾಸ್‌ನಲ್ಲಿ ಕಾವಲು ಅನ್ನುವುದೇ ಇರಲಿಲ್ಲ. 1986ರಲ್ಲಿ ಲಾಹೋರ್‌ನಿಂದ ಹೊರಟ ಬ್ರೇನ್ ವೈರಸ್ ಫ್ಲಾಪಿಯ ಬೂಟ್ ಸೆಕ್ಟರ್‌ನಲ್ಲೇ ಮನೆ ಮಾಡಿತು. ಆಮೇಲೆ ಕಂಪ್ಯೂಟರ್ ಆನ್ ಮಾಡಿದಾಗ ಮೊದಲು ಓಡುವ ಬಯೋಸ್‌ನಲ್ಲೇ ಬೂಟ್ ಸೆಕ್ಟರ್ ಕಾಯುವ ಸೆಟ್ಟಿಂಗ್ ಬಂತು. ಹೊಸ ಸಿಸ್ಟಂ ಇನ್‌ಸ್ಟಾಲ್ ಮಾಡುವಾಗ ಅದೇ ಅಡ್ಡ ಬಂದು, ಜನ ಮೊದಲು ಆಫ್ ಮಾಡುತ್ತಿದ್ದದ್ದೂ ಅದನ್ನೇ.

ಯುನಿಕ್ಸ್ ಕಡೆಯವರು ಈ ವಿಷಯದಲ್ಲಿ ಜಾಸ್ತಿ ತಲೆ ಕೆಡಿಸಿಕೊಂಡಿದ್ದರು. ಮೊದಲು ಪಾರ್ಟಿಷನ್ ಅಳತೆಗಳು ಡಿಸ್ಕ್ ನಡೆಸುವ ಡ್ರೈವರ್ ಪ್ರೋಗ್ರಾಂ ಒಳಗೇ ಬರೆದಿರುತ್ತಿದ್ದವು. 1988ರ ಯುನಿಕ್ಸ್ ಆವೃತ್ತಿ 4.3ಬಿಎಸ್‌ಡಿ ಟಾಹೋದಲ್ಲಿ ಅವು ಡಿಸ್ಕ್ ಮೇಲಿನ ಲೇಬಲ್‌ಗೆ ಬಂದವು. ಇಲ್ಲೇ ಒಂದು ತೊಡಕು. ಲೇಬಲ್ ಇರುವುದು ಡಿಸ್ಕ್‌ನ ಆರಂಭದಲ್ಲಿ, ಮೊದಲ ಪಾರ್ಟಿಷನ್ ಶುರುವಾಗುವುದೂ ಅಲ್ಲಿಂದಲೇ. ಫೈಲ್‌ಗಳನ್ನು ಜೋಡಿಸಿಡುವ ಫೈಲ್‌ಸಿಸ್ಟಂ ಮೊದಲ 8 ಕೆಬಿಯನ್ನು ಬೂಟ್‌ಗೆಂದು ಬಿಟ್ಟುಕೊಡುತ್ತದೆ, ತೊಂದರೆಯಿಲ್ಲ. ಅದೇ ಪಾರ್ಟಿಷನ್ ಮೇಲೆ ಯಾರಾದರೂ ನೇರವಾಗಿ ಇಮೇಜ್ (ಇಡೀ ಡಿಸ್ಕ್‌ನ ನಕಲು) ಸುರಿದರೆ ಲೇಬಲ್ ಮಾಯ! ಹಾಗಾಗಿ ಕರ್ನಲ್ ಆ ಸೆಕ್ಟರ್‌ಗೆ ಬರೆಯಲು ಬಿಡುತ್ತಿರಲಿಲ್ಲ. ಎಲ್ಲ ಅಧಿಕಾರವಿರುವ ರೂಟ್ ಬಳಕೆದಾರನಿಗೂ 'ಇದು ಓದಲು ಮಾತ್ರ' ಎಂಬ ಉತ್ತರ. ಬೇಕೇ ಬೇಕು ಅಂದರೆ ಬೇರೆ ಕಮಾಂಡ್‌ನಿಂದ ಬೀಗ ತೆಗೆಯಬೇಕಿತ್ತು. ನನ್ನ ಮಟ್ಟಿಗೆ ಇದೇ ಸರಿಯಾದ ದಾರಿ. ಮುಂದೆ ಅದೇ ವಂಶದ ಫ್ರೀಬಿಎಸ್‌ಡಿ, ಬಳಕೆಯಲ್ಲಿರುವ ಡಿಸ್ಕ್‌ಗೇ ಕಾವಲು ಹಾಕಿತು. ಅದನ್ನು ಸಡಿಲಿಸುವ ಸೆಟ್ಟಿಂಗ್‌ಗೆ ಅವರದೇ ಕೈಪಿಡಿ ಕೊಟ್ಟ ವಿವರಣೆಯ ಅರ್ಥ: ಕಾಲಿಗೆ ಗುಂಡು ಹೊಡೆದುಕೊಳ್ಳಲು ಅನುಮತಿ. ನಮ್ಮಲ್ಲಾದರೆ ಕಾಲ ಮೇಲೆ ಕಲ್ಲು ಹಾಕಿಕೊಳ್ಳುವುದು ಅನ್ನುತ್ತಿದ್ದೆವು.

ವಿಂಡೋಸ್, ವಿಸ್ಟಾ ಆವೃತ್ತಿಯಿಂದ ಶುರುಮಾಡಿ, ಮೌಂಟ್ ಆದ ವಾಲ್ಯೂಮ್‌ಗೆ (ಫೈಲ್‌ಸಿಸ್ಟಂ ಇರುವ ಭಾಗಕ್ಕೆ) ನೇರ ಬರವಣಿಗೆಯನ್ನು ತಡೆಯಿತು. ಆದರೆ ಮೊದಲ ಸೆಕ್ಟರ್ ಯಾವ ವಾಲ್ಯೂಮ್‌ಗೂ ಸೇರಿದ್ದಲ್ಲ. ಮನೆಗೆ ಬೀಗ ಹಾಕಿ ಗೇಟು ತೆರೆದಿಟ್ಟ ಹಾಗೆ. ಅಡ್ಮಿನ್ ಅಧಿಕಾರ ಸಿಕ್ಕಿದ್ದೇ ತಡ, 2016ರ ಪೆಟ್ಯಾ, 2017ರ ನಾಟ್‌ಪೆಟ್ಯಾ ಎಂಬ ಕೇಡಿನ ಪ್ರೋಗ್ರಾಂಗಳೆರಡೂ ಅಲ್ಲಿಗೇ ನುಗ್ಗಿದವು.

ಪಾರ್ಟಿಷನ್‌ಗಳನ್ನು ಬರೆದಿಡುವ ಈಗಿನ ಜಿಪಿಟಿ ಪದ್ಧತಿಯಲ್ಲಿ ಪಟ್ಟಿಯ ಇನ್ನೊಂದು ಪ್ರತಿ ಡಿಸ್ಕ್‌ನ ಕೊನೆಯಲ್ಲಿರುತ್ತದೆ. ನನ್ನ ಹಳೆಯ ಡಿಸ್ಕ್‌ಗೆ ಆ ಭಾಗ್ಯವಿರಲಿಲ್ಲ. ಇನ್ನು ಲಿನಕ್ಸ್: ಮೌಂಟ್ ಆದ ಡಿವೈಸ್‌ಗೆ ನೇರವಾಗಿ ಬರೆಯದಂತೆ ಮಾಡುವ ಆಯ್ಕೆ 2024ರಲ್ಲಿ, 6.8 ಕರ್ನಲ್ ಜೊತೆ ಬಂತು. ನನ್ನ ಲ್ಯಾಪ್‌ಟಾಪ್‌ನಲ್ಲಿ ಹುಡುಕಿ ನೋಡಿದೆ. ಬರೆಯಲು ಬಿಡುವ ಕಡೆಗೇ ಇದೆ.