ಪ್ರಾಗ್‌ನಲ್ಲಿ ಒಂದೇ ದಿನ: ಅಪ್ಪ-ಅಮ್ಮನ ಜೊತೆ ಎಲ್ಲಿಂದ ಶುರು ಮಾಡುವುದು?

ಪ್ರಶ್ನೆ: ನಾನಿರುವುದು ಜರ್ಮನಿಯ ಡ್ರೆಸ್ಡೆನ್‌ನಲ್ಲಿ. ಊರಿನಿಂದ ಅಪ್ಪ-ಅಮ್ಮ ಬಂದಿದ್ದಾರೆ, ಇಬ್ಬರಿಗೂ ಅರವತ್ತೈದು ದಾಟಿದೆ, ಸಸ್ಯಾಹಾರಿಗಳು, ಅಮ್ಮನಿಗೆ ಸ್ವಲ್ಪ ಮಂಡಿನೋವು. ಚೆಕ್ ದೇಶದ ರಾಜಧಾನಿ ಪ್ರಾಗ್ ನೋಡಲು ಒಂದೇ ದಿನ ಇದೆ. ನಡೆದು ನೋಡಬಹುದಾದ ಊರು ಎನ್ನುತ್ತಾರೆ. ಸಾಕಾಗುತ್ತದೆಯೇ? ಎಲ್ಲಿಂದ ಶುರು ಮಾಡಬೇಕು?

ಉತ್ತರ: ಸಾಕಾಗುತ್ತದೆ. ಆದರೆ ಹಿಂದಿನ ದಿನ ರಾತ್ರಿಯೇ ಪ್ರಾಗ್ ಸೇರಿಕೊಳ್ಳಿ. ಡ್ರೆಸ್ಡೆನ್‌ನಿಂದ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆಯ ದಾರಿ. ಬೆಳಿಗ್ಗೆ ಹೊರಟರೆ ಊರಿಗೆ ಕಾಲಿಡುವುದರೊಳಗೆ ಹತ್ತೋ ಹನ್ನೊಂದೋ ಆಗುತ್ತದೆ, ಪ್ರಾಗ್‌ನ ಅತ್ಯುತ್ತಮ ಎರಡು ಗಂಟೆಗಳು ಅಷ್ಟರಲ್ಲಿ ಕಳೆದುಹೋಗಿರುತ್ತವೆ.

ಮೊದಲು ಊರಿನ ನೆಲ ಅರ್ಥ ಮಾಡಿಕೊಳ್ಳಿ. ವಲ್ಟಾವಾ ನದಿಯ ಪೂರ್ವದಂಡೆಯಲ್ಲಿ ಹಳೆಪಟ್ಟಣ, ಅದು ಸಮತಟ್ಟು. ಪಶ್ಚಿಮದಂಡೆಯಲ್ಲಿ ಗುಡ್ಡ, ಗುಡ್ಡದ ಮೇಲೆ ಕೋಟೆ. ಇವೆರಡನ್ನು ಸೇರಿಸುವುದು ಚಾರ್ಲ್ಸ್ ಸೇತುವೆ. ಕೋಟೆಯಿಂದ ಹಳೆಪಟ್ಟಣದ ಚೌಕಕ್ಕೆ ಹೆಚ್ಚುಕಡಿಮೆ ಎರಡು ಕಿಲೋಮೀಟರ್, ಅಷ್ಟೇ. ಹಾಗಾಗಿ ಕಾಲು ಸೋಲಿಸುವುದು ದೂರವಲ್ಲ, ಏರು. ಹೆಚ್ಚಿನವರು ಒಂಬತ್ತೂವರೆಗೆ ಚೌಕದಲ್ಲಿ ಶುರು ಮಾಡಿ, ಹನ್ನೊಂದಕ್ಕೆ ಜನ ಕಿಕ್ಕಿರಿದ ಸೇತುವೆ ದಾಟಿ, ಮಟಮಟ ಮಧ್ಯಾಹ್ನ ಗುಡ್ಡ ಹತ್ತುತ್ತಾರೆ. ಮೇಲೆ ತಲುಪುವಾಗ ಮಂಡಿ ಸೋತಿರುತ್ತದೆ, ಎದುರಿಗೆ ಕ್ಯಾಥೆಡ್ರಲ್‌ನ ಉದ್ದನೆಯ ಸಾಲು ಇರುತ್ತದೆ. ನೀವು ಇದನ್ನು ತಿರುವುಮುರುವು ಮಾಡಿ: ಏರುವುದು ಟ್ರಾಮಿನಲ್ಲಿ, ಇಳಿಯುವುದು ನಡೆದು.

ಟಿಕೆಟಿನಲ್ಲಿ ತಲೆ ಕೆಡಿಸಿಕೊಳ್ಳಬೇಡಿ, 24 ಗಂಟೆಯ ಟಿಕೆಟ್ ತೆಗೆದುಕೊಳ್ಳಿ. ಮೆಟ್ರೊ, ಟ್ರಾಮ್, ಬಸ್ ಎಲ್ಲಕ್ಕೂ ಅದೊಂದೇ. ಕಾಗದದ ಟಿಕೆಟ್ ಆದರೆ ಮೊದಲ ಪ್ರಯಾಣದಲ್ಲಿ ಯಂತ್ರಕ್ಕೆ ತೂರಿಸಿ ಸಮಯದ ಮುದ್ರೆ ಒತ್ತಿಸಲೇಬೇಕು. ಟ್ರಾಮಿನಲ್ಲಿ ಆ ಯಂತ್ರ ಬಾಗಿಲ ಬಳಿ ಇರುತ್ತದೆ, ಮೆಟ್ರೊದಲ್ಲಿ ಒಳಹೋಗುವ ದಾರಿಯಲ್ಲಿ. ಮೆಟ್ರೊಗೆ ನಮ್ಮೂರಿನಂತೆ ತಡೆಗೇಟು ಇಲ್ಲ, ಹಾಗಾಗಿ ಮರೆಯುವುದು ಸುಲಭ. ಮಫ್ತಿಯಲ್ಲಿ ಬರುವ ತಪಾಸಕರಿಗೆ ಮುದ್ರೆಯಿಲ್ಲದ ಟಿಕೆಟ್ ಎಂದರೆ ಟಿಕೆಟ್ ಇಲ್ಲದಂತೆಯೇ, ದಂಡ ಕಟ್ಟಬೇಕಾಗುತ್ತದೆ.

ಬೆಳಿಗ್ಗೆ ಏಳೂವರೆಗೆ ಸ್ಟಾರೊಮ್ಯೆಸ್ಟ್‌ಸ್ಕಾ ಮೆಟ್ರೊ ನಿಲ್ದಾಣದಲ್ಲಿ ಇಳಿದು ಸೇತುವೆಯ ಕಡೆ ನಡೆಯಿರಿ. 516 ಮೀಟರ್ ಉದ್ದ, 16 ಕಮಾನು, 30 ಪ್ರತಿಮೆ. ನಾಲ್ಕನೆಯ ಚಾರ್ಲ್ಸ್ ದೊರೆ ಇದಕ್ಕೆ 1357ರಲ್ಲಿ, 9ನೇ ತಾರೀಖು, 7ನೇ ತಿಂಗಳು, ಬೆಳಿಗ್ಗೆ 5.31ಕ್ಕೆ ಶಂಕುಸ್ಥಾಪನೆ ಮಾಡಿದ ಎಂಬ ಹೇಳಿಕೆ ಇದೆ. 1-3-5-7-9-7-5-3-1 ಎಂದು ಏರಿ ಇಳಿಯುವ ಮುಹೂರ್ತ! ಅಪ್ಪನಿಗೆ ಹೇಳಿ ನೋಡಿ, ಖುಷಿಪಡುತ್ತಾರೆ. ಈ ಹೊತ್ತಿನಲ್ಲಿ ಪ್ರತಿಮೆಗಳ ಮುಂದೆ ನಿಂತು ನೋಡಲು ಜಾಗ ಸಿಗುತ್ತದೆ. ಹನ್ನೊಂದರ ಮೇಲೆ ನಿಮ್ಮ ಕಣ್ಣಿಗೆ ಬೀಳುವುದು ಮುಂದಿನವರ ಬೆನ್ನು ಮಾತ್ರ.

ಸೇತುವೆ ದಾಟಿ ನೇರ ಹೋದರೆ ಮಾಲೊಸ್ಟ್ರಾನ್ಸ್ಕೆ ನಾಮ್ಯೆಸ್ಟಿ ಚೌಕ. ಅಲ್ಲಿಂದ 22ನೇ ನಂಬರಿನ ಟ್ರಾಮ್ ಹತ್ತಿ. ಪ್ರಾಜ್‌ಸ್ಕಿ ಹ್ರಾಡ್ ಎಂಬ ನಿಲ್ದಾಣದ ಹೆಸರಿಗೆ ಪ್ರಾಗ್ ಕೋಟೆ ಎಂದೇ ಅರ್ಥ, ಎಲ್ಲರೂ ಅಲ್ಲೇ ಇಳಿಯುತ್ತಾರೆ. ನೀವು ಇನ್ನೆರಡು ನಿಲ್ದಾಣ ಮುಂದೆ ಹೋಗಿ ಪೊಹೊರ್ಝೆಲೆತ್ಸ್‌ನಲ್ಲಿ ಇಳಿಯಿರಿ. ಅದು ಕೋಟೆಗಿಂತ ಎತ್ತರದ ಜಾಗ. ಪಕ್ಕದಲ್ಲೇ ಸ್ಟ್ರಾಹೊವ್ ಮಠ, ಅದರ ಕೆಳಗಿನ ಕಟ್ಟೆಯಿಂದ ಇಡೀ ಊರು ಕೆಂಪು ಹೆಂಚಿನ ಹಾಸಿನಂತೆ ಕಾಣುತ್ತದೆ. ಅಲ್ಲಿಂದ ಲೊರೆಟಾ ಚರ್ಚಿನ ಮುಂದೆ ಹಾದು ಕೋಟೆಯ ಬಾಗಿಲವರೆಗೆ ಇಳಿಜಾರು. ಒಂಬತ್ತಕ್ಕೆ ಕೋಟೆಯೊಳಗಿನ ಕಟ್ಟಡಗಳು ತೆರೆಯುವ ಹೊತ್ತಿಗೆ ಬಾಗಿಲಲ್ಲಿರಿ.

ಒಳಗೆ ಮೊದಲು ಸಂತ ವೀಟಸ್ ಕ್ಯಾಥೆಡ್ರಲ್, ಉಳಿದದ್ದೆಲ್ಲ ಆಮೇಲೆ. ಸಾಲು ಬೆಳೆಯುವುದು ಅಲ್ಲಿ ಮಾತ್ರ. 1344ರಲ್ಲಿ ಶುರುವಾದ ಈ ಕಟ್ಟಡ ಪೂರ್ತಿಯಾದದ್ದು 1929ರಲ್ಲಿ. ಒಳಗೆ ಎಡಗಡೆಯ ಗೋಡೆಯಲ್ಲಿ ಚೆಕ್ ಕಲಾವಿದ ಆಲ್ಫೋನ್ಸ್ ಮುಖಾ ರಚಿಸಿದ ಬಣ್ಣದ ಗಾಜಿನ ಕಿಟಕಿ ಇದೆ, ತಪ್ಪಿಸಿಕೊಳ್ಳಬೇಡಿ. ಅದೇ ಟಿಕೆಟಿನಲ್ಲಿ ಹಳೆಯ ಅರಮನೆ, ಸಂತ ಜಾರ್ಜ್ ಬಸಿಲಿಕಾ ಮತ್ತು ಗೋಲ್ಡನ್ ಲೇನ್ ಬರುತ್ತವೆ. ಗೋಲ್ಡನ್ ಲೇನ್‌ನ 22ನೇ ನಂಬರಿನ ಪುಟ್ಟ ಮನೆಯಲ್ಲಿ ಕೂತು ಕಥೆಗಾರ ಫ್ರಾನ್ಜ್ ಕಾಫ್ಕಾ 1916-17ರಲ್ಲಿ ಬರೆಯುತ್ತಿದ್ದ. ಅರವತ್ತೈದು ದಾಟಿದವರಿಗೆ ಟಿಕೆಟಿನಲ್ಲಿ ರಿಯಾಯಿತಿ ಇದೆ, ಪಾಸ್‌ಪೋರ್ಟ್ ಜೊತೆಗಿರಲಿ. ಹನ್ನೆರಡಕ್ಕೆ ಮೊದಲ ಅಂಗಳದಲ್ಲಿ ವಾದ್ಯದೊಂದಿಗೆ ಕಾವಲುಗಾರರ ಪಾಳಿ ಬದಲಾಗುತ್ತದೆ. ಹೊತ್ತು ಹೊಂದಿದರೆ ನೋಡಿ, ಅದಕ್ಕಾಗಿ ಕಾಯಬೇಡಿ.

ಇಳಿಯಲು ನೆರುಡೊವಾ ಬೀದಿ ಚೆಂದ. ಮನೆಗಳಿಗೆ ನಂಬರು ಬರುವ ಮೊದಲು ಗುರುತಿಗಾಗಿ ಬಾಗಿಲ ಮೇಲೆ ಕೆತ್ತಿಸಿದ ಪಿಟೀಲು, ಸೂರ್ಯ ಮುಂತಾದವು ಈಗಲೂ ಇವೆ. ಆದರೆ ಇಡೀ ದಾರಿ ಪುಟ್ಟ ಕಲ್ಲುಗಳನ್ನು ಜೋಡಿಸಿದ ಇಳಿಜಾರು, ಮಳೆ ಬಂದರೆ ಜಾರುತ್ತದೆ. ಮಂಡಿನೋವಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ ಎಂಬುದು ನಿಮಗೂ ಗೊತ್ತಿರಬಹುದು. ಅಮ್ಮನಿಗೆ ಆಗದೆಂದರೆ ಕೋಟೆಯ ನಿಲ್ದಾಣದಿಂದ ಅದೇ 22ರಲ್ಲಿ ಕೆಳಗೆ ಬನ್ನಿ, ನಷ್ಟವೇನಿಲ್ಲ. ಚಪ್ಪಲಿ ಬೇಡ, ದಪ್ಪ ಅಟ್ಟೆಯ ಶೂ ಹಾಕಿಸಿ.

ಊಟಕ್ಕೆ ಚೌಕದ ಬದಿಯ ಹೋಟೆಲು ಬಿಟ್ಟು ಎರಡು ಬೀದಿ ಒಳಗೆ ಹೋಗಿ. ಸಸ್ಯಾಹಾರಿಗಳಿಗೆ ಇಲ್ಲಿಯ ಸಾಂಪ್ರದಾಯಿಕ ಅಡುಗೆಯಲ್ಲಿ ಆಯ್ಕೆ ಕಡಿಮೆ: ಕರಿದ ಚೀಸ್, ಅಂದರೆ ಸ್ಮಾಜೆನಿ ಸಿರ್, ಮತ್ತು ಬೆಳ್ಳುಳ್ಳಿ ಹಾಕಿದ ಆಲೂಗಡ್ಡೆ ದೋಸೆಯಂಥ ಬ್ರಾಂಬೊರಾಕ್. ಎರಡಕ್ಕೂ ಮೊಟ್ಟೆ ಬೀಳುತ್ತದೆ. ತರಕಾರಿ ಸೂಪ್ ಎಂದಿದ್ದರೂ ಮಾಂಸದ ಸಾರಿನಲ್ಲಿ ಕುದಿಸಿರಬಹುದು. ‘ಬೆಜ್ ಮಾಸಾ’ ಎಂದರೆ ಮಾಂಸವಿಲ್ಲದ್ದು, ಇದನ್ನೊಂದು ಕಲಿತುಕೊಳ್ಳಿ. ತಟ್ಟೆ ತೂಗಿ ಹಣ ಪಡೆಯುವ ಸಸ್ಯಾಹಾರಿ ಬಫೆಗಳೂ ಊರಲ್ಲಿವೆ, ಅನ್ನ-ಬೇಳೆ ಬೇಕೆನ್ನುವ ಹಿರಿಯರಿಗೆ ಅವೇ ವಾಸಿ. ನಲ್ಲಿ ನೀರು ಧಾರಾಳವಾಗಿ ಕುಡಿಯಬಹುದು, ಬಾಟಲಿ ತುಂಬಿಸಿಕೊಳ್ಳಿ. ಶೌಚಾಲಯಕ್ಕೆ ಹಲವು ಕಡೆ ಹಣ ಕೊಡಬೇಕು, ಜೇಬಿನಲ್ಲಿ ಚಿಲ್ಲರೆ ಇರಲಿ.

ಚಿಲ್ಲರೆ ಎಂದರೆ ಇಲ್ಲಿಯ ಹಣವಾದ ಕೊರುನಾ, ಯೂರೊ ಅಲ್ಲ. ಕಾರ್ಡ್ ಉಜ್ಜುವಾಗಲೋ ಎಟಿಎಂನಲ್ಲೋ ‘ಯೂರೊದಲ್ಲಿ ಪಾವತಿಸುತ್ತೀರಾ’ ಎಂದು ಪರದೆ ಕೇಳಿದರೆ ಬೇಡವೆಂದು ಕೊರುನಾ ಆರಿಸಿ. ಯೂರೊ ಒತ್ತಿದರೆ ವಿನಿಮಯ ದರ ಎದುರಿನ ಯಂತ್ರದವರದ್ದು. ನೋಟು ಬದಲಿಸುವ ಅಂಗಡಿಯಲ್ಲಿ ಮೋಸ ಹೋದಿರಿ ಅನ್ನಿಸಿದರೆ ರಸೀದಿ ಹಿಡಿದು ಮೂರು ಗಂಟೆಯೊಳಗೆ ವಾಪಸ್ ಹೋಗಿ. 1000 ಯೂರೊವರೆಗಿನ ವಿನಿಮಯ ರದ್ದು ಮಾಡಿಸುವ ಹಕ್ಕನ್ನು ಚೆಕ್ ಕಾನೂನು 2019ರಿಂದ ಕೊಟ್ಟಿದೆ.

ಮಧ್ಯಾಹ್ನ ಸೇತುವೆಯ ಗದ್ದಲಕ್ಕೆ ಮತ್ತೆ ಹೋಗದೆ ಮಾಲೊಸ್ಟ್ರಾನ್ಸ್ಕಾದಿಂದ ಮೆಟ್ರೊ ಹಿಡಿಯಿರಿ, ನದಿಯ ಅಡಿಯಲ್ಲಿ ಒಂದೇ ನಿಲ್ದಾಣ. ಎಸ್ಕಲೇಟರ್ ಉದ್ದ, ವೇಗವೂ ಹೆಚ್ಚು. ಅಮ್ಮನ ಕೈ ಹಿಡಿದುಕೊಳ್ಳಿ. ಮೇಲೆ ಬಂದರೆ ಯೋಸೆಫೊವ್, ಹಳೆಯ ಯಹೂದಿ ಕೇರಿ. ಇಲ್ಲಿ ಎಲ್ಲವನ್ನೂ ನೋಡಲು ಹೋಗದೆ ಪಿಂಕಾಸ್ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ಮತ್ತು ಅದಕ್ಕೆ ಅಂಟಿಕೊಂಡ ಹಳೆಯ ಸ್ಮಶಾನಕ್ಕೆ ಹೊತ್ತು ಕೊಡಿ. ನಾಜಿಗಳು ಕೊಂದ ಸುಮಾರು 80 ಸಾವಿರ ಯಹೂದಿಗಳ ಹೆಸರನ್ನು ಆ ಗೋಡೆಗಳ ಮೇಲೆ ಕೈಯಲ್ಲೇ ಬರೆದಿದ್ದಾರೆ. ಆತುರದಲ್ಲಿ ಹಾದುಹೋಗುವ ಜಾಗವಲ್ಲ ಅದು.

ಕೊನೆಗೆ ಹಳೆಪಟ್ಟಣದ ಚೌಕ ಮತ್ತು 1410ರ ಖಗೋಳ ಗಡಿಯಾರ. ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಹನ್ನೊಂದರವರೆಗೆ ಗಂಟೆಗೊಮ್ಮೆ ಕಿಟಕಿಯಲ್ಲಿ ಯೇಸುವಿನ ಹನ್ನೆರಡು ಶಿಷ್ಯರ ಬೊಂಬೆ ಸಾಗುತ್ತವೆ, ಅಸ್ಥಿಪಂಜರ ಗಂಟೆ ಬಾರಿಸುತ್ತದೆ, ಕೋಳಿ ಕೂಗುತ್ತದೆ, ಒಂದು ನಿಮಿಷದೊಳಗೆ ಮುಗಿಯಿತು. ಎಲ್ಲರೂ ಕತ್ತೆತ್ತಿ ನಿಂತ ಆ ನಿಮಿಷವೇ ಜೇಬುಗಳ್ಳರ ಸುಗ್ಗಿ, ಚೀಲ ಎದೆಯ ಮುಂದಕ್ಕಿರಲಿ. ಆದರೆ ಪಂಚಾಂಗ ಓದಿ ಗೊತ್ತಿರುವವರಿಗೆ ಸೊಗಸು ಬೊಂಬೆಗಳಲ್ಲಿಲ್ಲ, ಗಡಿಯಾರದ ಮುಖದಲ್ಲಿದೆ. ಒಳಗಿನ ಚಿಕ್ಕ ಚಕ್ರದಲ್ಲಿ ಹನ್ನೆರಡು ರಾಶಿಗಳು, ಸೂರ್ಯ ಯಾವ ರಾಶಿಯಲ್ಲಿದ್ದಾನೆಂದು ತೋರಿಸುತ್ತದೆ. ಅರ್ಧ ಕಪ್ಪು ಅರ್ಧ ಬೆಳ್ಳಿಯ ಗುಂಡು ತಿರುಗಿ ಚಂದ್ರನ ವೃದ್ಧಿ-ಕ್ಷಯ ಹೇಳುತ್ತದೆ. ಹೊರಗಿನ ಉಂಗುರದಲ್ಲಿ ಗಂಟೆಗಳನ್ನು ಎಣಿಸುವುದು ಸೂರ್ಯಾಸ್ತದಿಂದ, ಹಾಗಾಗಿ ವರ್ಷವಿಡೀ ಆ ಉಂಗುರ ಹಿಂದೆ ಮುಂದೆ ಸರಿಯುತ್ತದೆ. ಒಂದು ವ್ಯತ್ಯಾಸವನ್ನು ಅಪ್ಪ ಹಿಡಿದೇ ಹಿಡಿಯುತ್ತಾರೆ: ಇಲ್ಲಿ ಸೂರ್ಯ ಡಿಸೆಂಬರ್ 21-22ಕ್ಕೇ ಮಕರಕ್ಕೆ ಬಂದಿರುತ್ತಾನೆ, ನಮ್ಮ ಸಂಕ್ರಾಂತಿ ಜನವರಿ 14-15ಕ್ಕೆ. ಇದು ವಿಷುವದಿಂದ ಎಣಿಸುವ ಸಾಯನ ಲೆಕ್ಕ, ನಮ್ಮದು ನಕ್ಷತ್ರಗಳಿಂದ ಎಣಿಸುವ ನಿರಯನ. ಎರಡರ ನಡುವಿನ ಅಂತರ, ಅಂದರೆ ಅಯನಾಂಶ, ಈಗ ಸುಮಾರು 24 ಡಿಗ್ರಿ. ಗಂಟೆ ಹೊಡೆದು ಜನ ಚದುರಿದ ಮೇಲೆ ಹತ್ತು ನಿಮಿಷ ನಿಂತು ಇದನ್ನು ಓದಿ. ಈ ಗಡಿಯಾರದ ಗೋಪುರಕ್ಕೆ ಲಿಫ್ಟ್ ಇದೆ, ಮೇಲಿನಿಂದ ನೋಡುವ ಆಸೆ ಅಮ್ಮನಿಗೂ ತೀರುತ್ತದೆ.

ವಾರ ನೋಡಿ ಹೋಗಿ. ಶನಿವಾರ ಯಹೂದಿ ವಸ್ತುಸಂಗ್ರಹಾಲಯಗಳು, ಸಿನಗಾಗ್, ಸ್ಮಶಾನ ಎಲ್ಲವೂ ಮುಚ್ಚಿರುತ್ತವೆ. ಅವರ ಹಬ್ಬದ ದಿನಗಳಲ್ಲೂ ಅಷ್ಟೇ. ಭಾನುವಾರ ಬೆಳಿಗ್ಗೆ ಪೂಜೆಯ ಕಾರಣ ಕ್ಯಾಥೆಡ್ರಲ್‌ಗೆ ಪ್ರವಾಸಿಗರನ್ನು ಬಿಡುವುದು ಹನ್ನೆರಡರ ನಂತರ. ಆಗ ಯೋಸೆಫೊವ್ ಬೆಳಿಗ್ಗೆ, ಕೋಟೆ ಮಧ್ಯಾಹ್ನ ಎಂದು ಅದಲುಬದಲು ಮಾಡಿ. ನವೆಂಬರ್‌ನಿಂದ ಮಾರ್ಚ್‌ವರೆಗೆ ಕೋಟೆಯ ಕಟ್ಟಡಗಳು ನಾಲ್ಕಕ್ಕೇ ಮುಚ್ಚುತ್ತವೆ, ಬೇಸಿಗೆಯಲ್ಲಿ ಐದಕ್ಕೆ. ಡಿಸೆಂಬರ್‌ನಲ್ಲಿ ನಾಲ್ಕಕ್ಕೆ ಸೂರ್ಯನೂ ಮುಳುಗುತ್ತಾನೆ. ಜೂನ್‌ನಲ್ಲಾದರೆ ಒಂಬತ್ತರವರೆಗೂ ಬೆಳಕಿರುತ್ತದೆ, ಮಧ್ಯಾಹ್ನ ಕೋಣೆಗೆ ಹೋಗಿ ಎರಡು ಗಂಟೆ ಕಾಲು ಚಾಚಿ ಬರಬಹುದು.

ವಾಪಸ್ ರೈಲಿಗೆ ಸ್ಟಾರೊಮ್ಯೆಸ್ಟ್‌ಸ್ಕಾದಿಂದ ಹಸಿರು ಎ ಮಾರ್ಗದಲ್ಲಿ ಎರಡು ನಿಲ್ದಾಣ ಹೋಗಿ ಮುಝೆಯುಂನಲ್ಲಿ ಇಳಿಯಿರಿ, ಅಲ್ಲಿಂದ ಕೆಂಪು ಸಿ ಮಾರ್ಗದಲ್ಲಿ ಒಂದು ನಿಲ್ದಾಣ. ಅದೇ ಹ್ಲಾವ್ನಿ ನಾದ್ರಾಜಿ, ಮುಖ್ಯ ರೈಲು ನಿಲ್ದಾಣ. ಬೆಳಿಗ್ಗೆಯೇ ಸಾಮಾನನ್ನು ಅಲ್ಲಿಯ ಲಾಕರಿನಲ್ಲಿ ಇಟ್ಟುಬಿಡಿ, ಗಾಲಿಪೆಟ್ಟಿಗೆ ಆ ಕಲ್ಲುಹಾಸಿನ ಮೇಲೆ ಉರುಳುವುದಿಲ್ಲ. ಗಡಿಯಲ್ಲಿ ಜರ್ಮನ್ ಪೊಲೀಸರು ರೈಲು ಹತ್ತಿ ತಪಾಸಣೆ ಮಾಡುವುದುಂಟು: ಅಪ್ಪ-ಅಮ್ಮನ ಷೆಂಗೆನ್ ವೀಸಾ ಇರುವ ಪಾಸ್‌ಪೋರ್ಟ್, ನಿಮ್ಮ ಪಾಸ್‌ಪೋರ್ಟ್ ಮತ್ತು ವಾಸದ ಪರವಾನಗಿ ಕೈಗೆಟುಕುವಂತಿರಲಿ, ಪೆಟ್ಟಿಗೆಯ ತಳದಲ್ಲಿ ಅಲ್ಲ.