ನಿಂತ ವಿಮಾನದ ಮೈಮೇಲೆ ಗಾಳಿಯ ಗುರುತುಗಳು

ಯುದ್ಧವಿಮಾನಗಳ ಮ್ಯೂಸಿಯಂಗೆ ಹೋದವರಲ್ಲಿ ಹೆಚ್ಚಿನವರು ವಿಮಾನದ ಮೂತಿಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಆಮೇಲೆ ಬೋರ್ಡ್ ಓದುತ್ತಾರೆ. ಉದ್ದ ಇಷ್ಟು, ವೇಗ ಇಷ್ಟು, ಹೊರುತ್ತಿದ್ದ ಬಾಂಬು ಇಷ್ಟು. ಮುಂದಿನ ವಿಮಾನದ ಹತ್ತಿರ ಹೋಗುವಷ್ಟರಲ್ಲಿ ಆ ಅಂಕಿಗಳೆಲ್ಲ ಮರೆತೇ ಹೋಗಿರುತ್ತವೆ. ಬೋರ್ಡು ಆಮೇಲೆ ಓದಿದರೂ ನಡೆಯುತ್ತೆ. ಮೊದಲು ವಿಮಾನಕ್ಕೆ ಒಂದು ಸುತ್ತು ಹಾಕಿ. ಎಲ್ಲಿ ಏನೋ ವಿಚಿತ್ರ ಅನಿಸುತ್ತದೋ ಅಲ್ಲಿ ನಿಲ್ಲಿ. ಬೇಡದ ಕಡೆ ಒಂದು ತಗಡು, ಅರ್ಥವಿಲ್ಲದ ಒಂದು ಉಬ್ಬು, ಸೊಟ್ಟಗಾದ ಒಂದು ರೆಕ್ಕೆ ಕಣ್ಣಿಗೆ ಬೀಳಬಹುದು.

ಯುದ್ಧವಿಮಾನದಲ್ಲಿ ಅಂದಕ್ಕೆಂದು ಇಟ್ಟಿದ್ದು ಏನೂ ಇರುವುದಿಲ್ಲ. ಅಲ್ಲಿ ಪ್ರತಿ ಗ್ರಾಂ ತೂಕಕ್ಕೂ ಲೆಕ್ಕ ಕೊಡಬೇಕು. ಹಾಗಿದ್ದೂ ಆ ತಗಡು ಅಲ್ಲಿದೆ ಅಂದರೆ, ಹಾರುವಾಗ ಗಾಳಿ ಏನೋ ತಕರಾರು ತೆಗೆದಿತ್ತು, ಯಾರೋ ಅದಕ್ಕೊಂದು ಮದ್ದು ಹುಡುಕಿದ್ದರು ಎಂದೇ ಅರ್ಥ.

ಮಿಗ್-17 ಎಂಬ ಸೋವಿಯತ್ ಜೆಟ್ ಮೊದಲು ಹಾರಿದ್ದು 1950ರಲ್ಲಿ. ಹಲವು ದೇಶಗಳ ಮ್ಯೂಸಿಯಂಗಳಲ್ಲಿ ಇದು ಸಿಗುತ್ತದೆ. ಅದರ ರೆಕ್ಕೆಯ ಮೇಲ್ಭಾಗ ಕಾಣುವಂಥ ಜಾಗದಲ್ಲಿ ನಿಂತುಕೊಳ್ಳಿ. ಮುಂದಿನಿಂದ ಹಿಂದಕ್ಕೆ ಓಡುವ ಗಿಡ್ಡ ಲೋಹದ ಗೋಡೆಗಳು ಕಾಣುತ್ತವೆ, ಒಂದೊಂದು ರೆಕ್ಕೆಗೆ ಮೂರು. ನುಣ್ಣಗಿರಬೇಕಾದ ರೆಕ್ಕೆಯ ಮೇಲೆ ಗೋಡೆ ಯಾಕೆ ಕಟ್ಟಿದರು?

ಇದಕ್ಕೆ ಸ್ವಲ್ಪ ಹಿಂದಿನಿಂದ ಬರಬೇಕು. ವಿಮಾನ ಶಬ್ದದ ವೇಗದ ಹತ್ತಿರ ಹೋದಂತೆ ಒಂದು ತಾಪತ್ರಯ ಶುರುವಾಗುತ್ತದೆ. ರೆಕ್ಕೆಯ ಉಬ್ಬಿನ ಮೇಲೆ ಹಾಯುವ ಗಾಳಿ ವಿಮಾನಕ್ಕಿಂತ ಜೋರಾಗಿ ಓಡುತ್ತದೆ. ಹಾಗಾಗಿ ವಿಮಾನ ಇನ್ನೂ ಶಬ್ದದ ವೇಗ ಮುಟ್ಟುವ ಮೊದಲೇ ರೆಕ್ಕೆಯ ಮೇಲಿನ ಗಾಳಿ ಅದನ್ನು ದಾಟಿಬಿಡುತ್ತದೆ. ಅಲ್ಲಿ ಆಘಾತ ತರಂಗ, ಅಂದರೆ ಗಾಳಿಯ ಒತ್ತಡ ದಿಢೀರನೆ ಜಿಗಿಯುವ ಅಲೆ, ಹುಟ್ಟುತ್ತದೆ. ಎಳೆತ, ಅಂದರೆ ಗಾಳಿ ವಿಮಾನವನ್ನು ಹಿಂದಕ್ಕೆ ಜಗ್ಗುವ ಬಲ, ಒಮ್ಮೆಲೇ ಏರುತ್ತದೆ, ವಿಮಾನ ನಡುಗುತ್ತದೆ. 1935ರಲ್ಲಿ ರೋಮ್‌ನಲ್ಲಿ ನಡೆದ ಒಂದು ಸಮ್ಮೇಳನದಲ್ಲಿ ಜರ್ಮನಿಯ ಅಡಾಲ್ಫ್ ಬುಸೆಮಾನ್ ಒಂದು ಉಪಾಯ ಹೇಳಿದ್ದರು: ರೆಕ್ಕೆಯನ್ನು ಹಿಂದಕ್ಕೆ ಬಾಗಿಸಿ. ಗಾಳಿ ಆಗ ರೆಕ್ಕೆಯ ಅಂಚಿಗೆ ನೇರವಾಗಿ ಬಡಿಯುವುದಿಲ್ಲ, ಓರೆಯಾಗಿ ಬಡಿಯುತ್ತದೆ. ರೆಕ್ಕೆಯ ಪಾಲಿಗೆ ಲೆಕ್ಕಕ್ಕೆ ಬರುವುದು ಅಂಚಿಗೆ ನೇರವಾಗಿರುವ ಪಾಲು ಮಾತ್ರ. 35 ಡಿಗ್ರಿ ಬಾಗಿಸಿದರೆ ಆ ಪಾಲು ಶೇ 82ಕ್ಕೆ ಇಳಿಯುತ್ತದೆ. ವಿಮಾನ ಜೋರಾಗಿಯೇ ಹೋಗುತ್ತಿದ್ದರೂ ರೆಕ್ಕೆಗೆ ನಿಧಾನ ಹೋಗುತ್ತಿರುವಂತೆ ಅನಿಸುತ್ತದೆ.

ಆಗ ಆ ಮಾತಿಗೆ ಹೆಚ್ಚಿನವರು ಕಿವಿಗೊಡಲಿಲ್ಲ. 1944ರಲ್ಲಿ ಯುದ್ಧಕ್ಕಿಳಿದ ಜರ್ಮನಿಯ ಮೆಸರ್‌ಶ್ಮಿಟ್ 262ರ ರೆಕ್ಕೆ ಸ್ವಲ್ಪ ಬಾಗಿದೆ ನಿಜ, ಆದರೆ ಮೊದಲಿಗೆ ಬಾಗಿಸಿದ್ದು ವೇಗಕ್ಕಲ್ಲ. ಎಂಜಿನ್ ಅಂದುಕೊಂಡದ್ದಕ್ಕಿಂತ ಭಾರ ಬಂತು. ತೂಕದ ಸಮತೋಲ ಸರಿಮಾಡಲು ರೆಕ್ಕೆಯನ್ನು ಹಿಂದಕ್ಕೆ ಸರಿಸಿದರು, ಅಷ್ಟೇ. ಯುದ್ಧ ಮುಗಿದ ಮೇಲೆ ಜರ್ಮನ್ ಸಂಶೋಧನೆಯ ಕಾಗದಪತ್ರಗಳು ಅಮೆರಿಕ, ಸೋವಿಯತ್ ಎರಡೂ ಕಡೆಯವರ ಕೈಗೆ ಸಿಕ್ಕವು. 1947ರ ಅಕ್ಟೋಬರ್‌ನಲ್ಲಿ ಅಮೆರಿಕದ ಎಫ್-86 ಸೇಬರ್ ಹಾರಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಸೋವಿಯತ್ ಮಿಗ್-15. ಎರಡರ ರೆಕ್ಕೆಯೂ ಬಾಗಿದ್ದು 35 ಡಿಗ್ರಿ. ಕೊರಿಯಾ ಯುದ್ಧದಲ್ಲಿ ಇವೆರಡೂ ಎದುರುಬದುರಾದವು. ಮ್ಯೂಸಿಯಂನಲ್ಲಿ ಅಕ್ಕಪಕ್ಕ ನಿಲ್ಲಿಸಿದ್ದರೆ ನೋಡಿ, ಶತ್ರುಗಳು ಅನ್ನುವುದಕ್ಕಿಂತ ದಾಯಾದಿಗಳ ಹಾಗೆ ಕಾಣುತ್ತವೆ.

ಆದರೆ ರೆಕ್ಕೆ ಬಾಗಿಸಿದ್ದಕ್ಕೆ ಬೆಲೆ ತೆರಬೇಕಾಯಿತು. ಬಾಗಿದ ರೆಕ್ಕೆಯ ಮೇಲೆ ಮೈಗೆ ಅಂಟಿಕೊಂಡು ಹರಿಯುವ ತೆಳು ಗಾಳಿಯ ಪದರ ನೆಟ್ಟಗೆ ಹಿಂದಕ್ಕೆ ಹೋಗದೆ ತುದಿಯ ಕಡೆ ಜಾರುತ್ತದೆ. ತುದಿಯಲ್ಲಿ ಸೋತ ಗಾಳಿ ಗುಡ್ಡೆಯಾಗುತ್ತದೆ. ಪೈಲಟ್ ಮೂತಿ ಎತ್ತಿ ತಿರುಗಿಸಲು ಹೋದಾಗ ಮೊದಲು ಕೈಕೊಡುವುದು ರೆಕ್ಕೆಯ ತುದಿ. ಬಾಗಿದ ರೆಕ್ಕೆಯ ತುದಿ ಇರುವುದು ಹಿಂದೆ ತಾನೆ? ಹಿಂದೆ ವಿಮಾನವನ್ನು ಎತ್ತಿಹಿಡಿಯುವ ಬಲ ಹೋಯಿತೆಂದರೆ ಮೂತಿ ತನ್ನಷ್ಟಕ್ಕೇ ಇನ್ನೂ ಮೇಲೇಳುತ್ತದೆ. ಇನ್ನೂ ಎದ್ದರೆ ಇನ್ನಷ್ಟು ರೆಕ್ಕೆ ಕೈಬಿಡುತ್ತದೆ. ನೆಲದ ಹತ್ತಿರ ಹೀಗಾದರೆ ಮುಗೀತು.

ಆ ಗಿಡ್ಡ ಗೋಡೆಗಳು ಇದಕ್ಕೇ. ಗದ್ದೆಯಲ್ಲಿ ನೀರು ತಗ್ಗಿನ ಕಡೆ ಹರಿದುಹೋಗದಂತೆ ಬದು ತಡೆಯುತ್ತದಲ್ಲ, ಹಾಗೆ ಇವು ಗಾಳಿಯನ್ನು ತುದಿಗೆ ಜಾರದಂತೆ ತಡೆಯುತ್ತವೆ. ಒಂದು ತಗಡು, ಒಂದಿಷ್ಟು ರಿವೆಟ್, ಕೆಲಸ ಮುಗಿಯಿತು. ಬ್ರಿಟನ್ನಿನ ಹಂಟರ್‌ನಲ್ಲಿ ಇದೇ ಕಾಯಿಲೆಗೆ ಬೇರೆ ಔಷಧ ಕಾಣುತ್ತದೆ. ಅದರ ನಂತರದ ಮಾದರಿಗಳ ರೆಕ್ಕೆಯ ಮುಂದಂಚು ಅರ್ಧದಲ್ಲಿ ಹಲ್ಲಿನಂತೆ ಮುಂದಕ್ಕೆ ಚಾಚಿದೆ. ಆ ಮೂಲೆಯಿಂದ ಒಂದು ಸುಳಿ ಎದ್ದು ರೆಕ್ಕೆಯ ಮೇಲೆ ಓಡುತ್ತದೆ. ಆ ಸುಳಿಯೇ ಗೋಡೆ. ನನಗೆ ಕೇಳಿದರೆ ಗೋಡೆಗಿಂತ ಇದೇ ಜಾಣತನ, ತಗಡಿನ ಬದಲು ಗಾಳಿಯಿಂದಲೇ ಕೆಲಸ ಮಾಡಿಸಿದ್ದಾರೆ.

ಸೊಟ್ಟತನದಲ್ಲಿ ಮಾತ್ರ ಎಫ್-4 ಫ್ಯಾಂಟಮ್‌ಗೆ ಸಾಟಿ ಇಲ್ಲ. 1958ರಲ್ಲಿ ಮೊದಲು ಹಾರಿದ ಈ ವಿಮಾನವನ್ನು ನೇರ ಹಿಂದಿನಿಂದ ನೋಡಿ. ರೆಕ್ಕೆ ಬಹುದೂರ ಸಪಾಟಾಗಿ ಬಂದು ತುದಿಯಲ್ಲಿ ತಟಕ್ಕನೆ 12 ಡಿಗ್ರಿ ಮೇಲಕ್ಕೆ ಮಡಚಿದೆ. ಬಾಲದ ರೆಕ್ಕೆಗಳು 23 ಡಿಗ್ರಿ ಕೆಳಕ್ಕೆ ಜೋತುಬಿದ್ದಿವೆ. ಯಾರೋ ಮೇಲೆ ಕೂತು ಮುರಿದಂತಿದೆ, ಅಲ್ವಾ? ಗಾಳಿಸುರಂಗದಲ್ಲಿ ಮಾದರಿಯನ್ನು ಪರೀಕ್ಷಿಸಿದಾಗ ಅದು ಪಕ್ಕಕ್ಕೆ ವಾಲಿದರೆ ತಾನಾಗಿ ಸರಿಹೋಗುವ ಗುಣ ಕಡಿಮೆ ಎಂದು ಗೊತ್ತಾಯಿತು. ಇಡೀ ರೆಕ್ಕೆಯನ್ನು 5 ಡಿಗ್ರಿ ಮೇಲಕ್ಕೆತ್ತಿದರೆ ಸಾಕಿತ್ತು. ಆದರೆ ಹಾಗೆ ಮಾಡಲು ನಡುವಿನ ಟೈಟಾನಿಯಂ ಭಾಗವನ್ನೇ ಮತ್ತೆ ವಿನ್ಯಾಸ ಮಾಡಬೇಕು. ಅದರ ಬದಲು, ಹೇಗೂ ಮಡಚಲು ಬರುವ ಹೊರತುದಿಯನ್ನಷ್ಟೇ 12 ಡಿಗ್ರಿ ಎತ್ತಿ ಲೆಕ್ಕ ಸರಿಮಾಡಿದರು. ಬಾಲ ಜೋತುಬಿದ್ದಿರುವುದಕ್ಕೂ ಕಾರಣವಿದೆ. ಮೂತಿ ಮೇಲೆದ್ದಾಗ ರೆಕ್ಕೆಯಿಂದ ಬರುವ ಕದಡಿದ ಗಾಳಿಗೆ ಬಾಲ ಸಿಕ್ಕಿಕೊಳ್ಳಬಾರದಿತ್ತು. ಪರಿಷ್ಕಾರಗಳನ್ನು ಇಷ್ಟು ಬಹಿರಂಗವಾಗಿ ಮೈಮೇಲೆ ಹೊತ್ತ ವಿಮಾನ ಬೇರೆ ಇಲ್ಲವೇನೋ.

ಅಮೆರಿಕದ ಎಫ್-102ರ ಕತೆ ಇನ್ನೂ ಚೆನ್ನಾಗಿದೆ. ಶಬ್ದವನ್ನು ಮೀರಿ ಹಾರಲೆಂದೇ ಕಟ್ಟಿದ ವಿಮಾನ ಅದು. 1953ರಲ್ಲಿ ಮೊದಲ ಮಾದರಿ ಹಾರಿತು, ಆದರೆ ಸಮನಾಗಿ ಹಾರುವಾಗ ಶಬ್ದದ ವೇಗ ದಾಟಲೇ ಇಲ್ಲ. ಎಂಜಿನ್ನಿನ ದೋಷವಲ್ಲ. ರಿಚರ್ಡ್ ವಿಟ್‌ಕಂಬ್ ಎಂಬ ಎಂಜಿನಿಯರ್ ಅಷ್ಟರಲ್ಲಾಗಲೇ ಕಾರಣ ಕಂಡುಹಿಡಿದಿದ್ದರು. ಶಬ್ದದ ವೇಗದ ಆಸುಪಾಸಿನಲ್ಲಿ ಗಾಳಿಗೆ ರೆಕ್ಕೆ ಬೇರೆ, ಮೈ ಬೇರೆ ಅನ್ನುವ ಭೇದವಿಲ್ಲ. ವಿಮಾನವನ್ನು ಅಡ್ಡಲಾಗಿ ಹೋಳು ಹೋಳಾಗಿ ಕತ್ತರಿಸಿದರೆ ಪ್ರತಿ ಹೋಳಿನ ಒಟ್ಟು ವಿಸ್ತೀರ್ಣ ಎಷ್ಟು ಅನ್ನುವುದೇ ಮುಖ್ಯ. ಅದು ಮುಂದಿನಿಂದ ಹಿಂದಕ್ಕೆ ಮೆಲ್ಲಗೆ ಏರಿ ಮೆಲ್ಲಗೆ ಇಳಿಯಬೇಕು. ರೆಕ್ಕೆ ಶುರುವಾಗುವಲ್ಲಿ ವಿಸ್ತೀರ್ಣ ದಿಢೀರನೆ ಏರಿದರೆ ಎಳೆತವೂ ಏರುತ್ತದೆ. ಹಾಗಾದರೆ ರೆಕ್ಕೆ ಇರುವ ಕಡೆ ಮೈಯನ್ನು ಸಣ್ಣ ಮಾಡಿ!

ಮೈಯನ್ನು ಉದ್ದ ಮಾಡಿದರು, ನಡುವನ್ನು ಹಿಂಡಿ ಸೊಂಟ ಮಾಡಿದರು. ಬಾಲದ ಹತ್ತಿರ ವಿಸ್ತೀರ್ಣ ಒಮ್ಮೆಲೇ ಕುಸಿಯದಿರಲಿ ಎಂದು ಎರಡೂ ಬದಿಗೆ ಉಬ್ಬು ಅಂಟಿಸಿದರು. 1954ರ ಡಿಸೆಂಬರ್‌ನಲ್ಲಿ ತಿದ್ದಿದ ವಿಮಾನ ಶಬ್ದವನ್ನು ದಾಟಿತು. ಎಫ್-102 ಇರುವ ಮ್ಯೂಸಿಯಂಗೆ ಹೋದರೆ ಹಿಂದೆ ಎಂಜಿನ್ನಿನ ಬಿಸಿಗಾಳಿ ಹೊರಬರುವ ಬಾಯಿಯ ಅಕ್ಕಪಕ್ಕದ ಆ ಉಬ್ಬುಗಳನ್ನು ನೋಡದೆ ಬರಬೇಡಿ. ಒಳಗೆ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಹಿಂಭಾಗ ದಪ್ಪ ಮಾಡಿದ್ದೂ ವಿಮಾನ ಜೋರಾಗಿ ಓಡಲು ನೆರವಾಯಿತು ಎಂದರೆ ಯಾರು ನಂಬುತ್ತಾರೆ?

ಮಿಗ್-21ರ ಮೂತಿ ನಮ್ಮವರಿಗೆ ಚೆನ್ನಾಗಿ ಪರಿಚಯ. ಭಾರತೀಯ ವಾಯುಪಡೆಯಲ್ಲಿ ಅದು 1963ರಿಂದ 2025ರವರೆಗೆ ದುಡಿಯಿತು. ಬಾಯಿ ತೆರೆದ ಮೂತಿ, ಒಳಗಿಂದ ಹೊರಗಿಣುಕುವ ಚೂಪು ಶಂಕು. ಹೆಚ್ಚಿನವರು ಅದನ್ನು ಗಾಳಿ ಸೀಳಲು ಇಟ್ಟ ಮೊನೆ ಅಂದುಕೊಳ್ಳುತ್ತಾರೆ. ಅದರ ನಿಜವಾದ ಕೆಲಸ ಒಳಬರುವ ಗಾಳಿಯ ವೇಗ ಇಳಿಸುವುದು. ಶಬ್ದದ ಎರಡು ಪಟ್ಟು ವೇಗದಲ್ಲಿ ಗಾಳಿ ಒಳನುಗ್ಗಿದರೆ ಎಂಜಿನ್ನಿನ ಬ್ಲೇಡುಗಳು ಅದನ್ನು ಅರಗಿಸಿಕೊಳ್ಳಲಾರವು. ಅವಕ್ಕೆ ಬೇಕಾದ್ದು ಶಬ್ದಕ್ಕಿಂತ ನಿಧಾನದ ಗಾಳಿ. ಶಂಕುವಿನ ತುದಿಯಿಂದ ಓರೆಯಾದ ಆಘಾತ ತರಂಗ ಏಳುತ್ತದೆ, ಗಾಳಿ ಅದನ್ನು ದಾಟುವಾಗ ವೇಗ ಕಳೆದುಕೊಂಡು ಒತ್ತಡ ಗಳಿಸುತ್ತದೆ. ವಿಮಾನದ ವೇಗ ಹೆಚ್ಚಿದಂತೆ ಶಂಕು ಮುಂದಕ್ಕೆ ಸರಿಯುತ್ತಿತ್ತು. ರೇಡಾರ್ ಕೂಡ ಅದರೊಳಗೇ. ಆ ಪುಟ್ಟ ಶಂಕುವಿನಲ್ಲಿ ದೊಡ್ಡ ರೇಡಾರ್ ಹಿಡಿಸುವುದಿಲ್ಲ ಅನ್ನುವುದು ಮಿಗ್-21ರ ಕೊನೆಯವರೆಗಿನ ಕೊರತೆ. ಫ್ಯಾಂಟಮ್‌ನಂಥ ವಿಮಾನಗಳು ಗಾಳಿಯ ಬಾಯಿಯನ್ನು ಪಕ್ಕೆಗೆ ಸರಿಸಿ ಮೂತಿಯನ್ನು ರೇಡಾರ್‌ಗೆ ಬಿಟ್ಟುಕೊಟ್ಟವು. ಆಗ ಆ ಬಾಯಿಗೂ ಮೈಗೂ ನಡುವೆ ಒಂದು ಸಂದಿ ಬಿಡಬೇಕಾಯಿತು. ಮೈಗೆ ಉಜ್ಜಿ ಸುಸ್ತಾದ ಗಾಳಿ ಎಂಜಿನ್ನಿಗೆ ಬೇಡ, ಅದು ಆ ಸಂದಿಯಿಂದ ಹೊರಗೆ ಹೋಗಲಿ ಎಂದು.

ವೇಗ ಕಡಿಮೆ ಇದ್ದ ಕಾಲದಲ್ಲೂ ಗಾಳಿ ಸುಮ್ನೆ ಬಿಡುತ್ತಿರಲಿಲ್ಲ. 1936ರಲ್ಲಿ ಮೊದಲು ಹಾರಿದ ಬ್ರಿಟನ್ನಿನ ಸ್ಪಿಟ್‌ಫೈರ್‌ನ ಮೈಗೆ ಕಣ್ಣು ಹತ್ತಿರ ತಂದು ನೋಡಿ. ರೆಕ್ಕೆಯ ರಿವೆಟ್‌ಗಳು ತಗಡಿನ ಮಟ್ಟಕ್ಕೆ ಸಮವಾಗಿ ಕೂತಿವೆ. ಹೀಗೆ ಕೂರಿಸುವುದಕ್ಕೆ ಸಮಯವೂ ದುಡ್ಡೂ ಜಾಸ್ತಿ. ಉಬ್ಬುತಲೆಯ ರಿವೆಟ್ ಹಾಕಿದರೆ ಎಷ್ಟು ನಷ್ಟ? ಲೆಕ್ಕ ಹಾಕುತ್ತ ಕೂರುವ ಬದಲು ಎಂಜಿನಿಯರ್‌ಗಳು ಒಡೆದ ಬಟಾಣಿ ಬೇಳೆ ತಂದರು. ಪ್ರತಿ ರಿವೆಟ್ ಮೇಲೆ ಒಂದೊಂದು ಬೇಳೆ ಅಂಟಿಸಿ ವಿಮಾನ ಹಾರಿಸಿದರು. ವೇಗ ಗಂಟೆಗೆ ಸುಮಾರು 35 ಕಿಲೋಮೀಟರ್ ಬಿದ್ದುಹೋಯಿತು. ಆಮೇಲೆ ಒಂದೊಂದು ಜಾಗದ ಬೇಳೆ ಕಿತ್ತು ಮತ್ತೆ ಮತ್ತೆ ಹಾರಿಸಿ, ಎಲ್ಲಿ ನುಣುಪು ಬೇಕೇ ಬೇಕು, ಎಲ್ಲಿ ಉಬ್ಬು ನಡೆಯುತ್ತದೆ ಎಂದು ತೀರ್ಮಾನಿಸಿದರು. ಇಷ್ಟು ಅಗ್ಗದ, ಇಷ್ಟು ಖಚಿತವಾದ ಪ್ರಯೋಗ ನನಗೆ ಬೇರೆ ಗೊತ್ತಿಲ್ಲ.

ಕಾಕ್‌ಪಿಟ್ ಒಳಗೆ ಇಣುಕಲು ಬಿಟ್ಟರೆ ಎರಡು ವಿಷಯ ಗಮನಿಸಿ. ಎರಡನೇ ಮಹಾಯುದ್ಧದ ಕಾಲದ ಡಯಲ್‌ಗಳಲ್ಲಿ ಅಂಕಿಗಳ ಬಣ್ಣ ಕಂದಿ ಹಳದಿಯೋ ಕಂದೋ ಆಗಿರುತ್ತದೆ. ಒಂದು ಕಾಲಕ್ಕೆ ಅವು ಕತ್ತಲಲ್ಲಿ ಹಸಿರಾಗಿ ಹೊಳೆಯುತ್ತಿದ್ದವು. ರೇಡಿಯಂ ಮತ್ತು ಸತುವಿನ ಸಲ್ಫೈಡ್ ಬೆರೆಸಿದ ಬಣ್ಣ ಅದು. ರೇಡಿಯಂ ಬಿಡುವ ಕಣಗಳು ಬಡಿದಾಗ ಸಲ್ಫೈಡ್ ಮಿನುಗುತ್ತಿತ್ತು. ಬಡಿಸಿಕೊಂಡೇ ಅದರ ಹರಳುಗಳು ಹಾಳಾದವು, ಹೊಳಪು ಹೋಯಿತು. ರೇಡಿಯಂ ಎಲ್ಲೂ ಹೋಗಿಲ್ಲ. ಅದು ಅರ್ಧವಾಗಲು ಸುಮಾರು 1,600 ವರ್ಷ ಬೇಕು. ಹೊಳೆಯದ ಡಯಲ್ ಸತ್ತಿದೆ ಅಂದುಕೊಳ್ಳಬೇಡಿ. ಕಾಕ್‌ಪಿಟ್ ಗಾಜು ಭದ್ರವಾಗಿ ಮುಚ್ಚಿರುವುದಕ್ಕೆ, ಡಯಲ್ ಇರಬೇಕಾದ ಕಡೆ ಬರೀ ತೂತು ಇರುವುದಕ್ಕೆ ಇದೂ ಒಂದು ಕಾರಣ ಇರಬಹುದು.

ಇನ್ನೊಂದು ಹೊಸ ಕಾಲದ್ದು. ಹ್ಯಾರಿಯರ್ ಅಥವಾ ಹಾಕ್ ವಿಮಾನದ ಪಾರದರ್ಶಕ ಮುಚ್ಚಳದ ಮೇಲೆ ಬಿಳಿ ಅಂಕುಡೊಂಕು ಗೆರೆ ಇರುತ್ತದೆ. ಬಿರುಕು ಅಲ್ಲ, ಗಾಜು ಬಿಸಿಮಾಡುವ ತಂತಿಯೂ ಅಲ್ಲ. ಅದು ಸ್ಫೋಟಕದ ಎಳೆ. ಪೈಲಟ್ ಸೀಟಿನ ಹಿಡಿಕೆ ಎಳೆದರೆ ಮೊದಲು ಈ ಎಳೆ ಸಿಡಿದು ತಲೆಯ ಮೇಲಿನ ಮುಚ್ಚಳವನ್ನು ಚೂರು ಮಾಡುತ್ತದೆ, ತಕ್ಷಣ ಸೀಟು ಮೇಲಕ್ಕೆ ಹಾರುತ್ತದೆ. ಮುಚ್ಚಳ ಪೂರ್ತಿ ಕಳಚಿ ಹೋಗುವವರೆಗೆ ಕಾಯಲು ಪುರುಸೊತ್ತಿರುವುದಿಲ್ಲ. ಕೊಲ್ಲಲೆಂದು ಕಟ್ಟಿದ ಯಂತ್ರಗಳ ನಡುವೆ ಒಬ್ಬನನ್ನು ಉಳಿಸಲೆಂದೇ ಇಟ್ಟ ಸ್ಫೋಟಕ ಇದು. ಮ್ಯೂಸಿಯಂನಲ್ಲಿ ನಿಲ್ಲಿಸುವ ಮೊದಲೇ ಅದು ಸಿಡಿಯದಂತೆ ಮಾಡಿರುತ್ತಾರೆ, ಹೆದರಬೇಡಿ.

ಇಷ್ಟೆಲ್ಲ ಮಾಡಿ ಹಾರಿದ ವಿಮಾನ ನಿಂತ ಮೇಲೆ ಅದರ ವೈರಿ ಬದಲಾಗುತ್ತಾನೆ. ಈಗ ಗಾಳಿಯಲ್ಲ, ತೇವ. ವಿಮಾನದ ಮೈ ಶುದ್ಧ ಅಲ್ಯೂಮಿನಿಯಂ ಅಲ್ಲ. ಗಟ್ಟಿಯಾಗಲೆಂದು ಅದಕ್ಕೆ ತಾಮ್ರ ಬೆರೆಸಿರುತ್ತಾರೆ. ಆ ತಾಮ್ರದಿಂದಲೇ ಕೊರೆತವೂ ಸುಲಭವಾಗುತ್ತದೆ. ಸ್ಟೀಲ್ ಬೋಲ್ಟ್ ಅಲ್ಯೂಮಿನಿಯಂಗೆ ತಾಗಿದ ಕಡೆ ತೇವ ಸೇರಿದರೆ ಅದೊಂದು ಪುಟ್ಟ ಬ್ಯಾಟರಿ, ಅಲ್ಯೂಮಿನಿಯಂ ಕರಗುತ್ತ ಹೋಗುತ್ತದೆ. ಉಪ್ಪು ಸೇರಿದರಂತೂ ಕೇಳುವುದೇ ಬೇಡ. 1940ರಲ್ಲಿ ಇಂಗ್ಲಿಷ್ ಕಾಲುವೆಗೆ ಬಿದ್ದ ಜರ್ಮನಿಯ ಡಾರ್ನಿಯರ್ 17 ಬಾಂಬರ್ ಒಂದನ್ನು 2013ರ ಜೂನ್‌ನಲ್ಲಿ ಮೇಲೆತ್ತಿದರು. ಆ ಜಾತಿಯಲ್ಲಿ ಅಷ್ಟರಮಟ್ಟಿಗೆ ಉಳಿದದ್ದು ಅದೊಂದೇ. ಬ್ರಿಟನ್ನಿನ ಕಾಸ್‌ಫರ್ಡ್ ಮ್ಯೂಸಿಯಂನಲ್ಲಿ ಅದನ್ನು ಪ್ಲಾಸ್ಟಿಕ್ ಸುರಂಗಗಳೊಳಗೆ ಇಟ್ಟು ನಿಂಬೆಹಣ್ಣಿನಲ್ಲಿರುವ ಸಿಟ್ರಿಕ್ ಆಮ್ಲದ ತೆಳು ದ್ರಾವಣವನ್ನು ಬಹುಕಾಲ ಸಿಂಪಡಿಸಿದರು. ಲೋಹದೊಳಗೆ ಇಳಿದ ಸಮುದ್ರದ ಕ್ಲೋರೈಡ್ ಹೊರಬರಲಿ, ಮೇಲೆ ಬೆಳೆದ ಕಡಲಜೀವಿಗಳ ಪದರ ಸಡಿಲವಾಗಲಿ ಎಂದು. ನೀರಿನಿಂದ ತೆಗೆದು ಒಣಗಲು ಬಿಟ್ಟಿದ್ದರೆ ಕೊರೆತ ಇನ್ನೂ ಜೋರಾಗುತ್ತಿತ್ತು.

ಅದನ್ನು ಹೊಸದರಂತೆ ಬಣ್ಣ ಬಳಿದು ನಿಲ್ಲಿಸಬೇಕೆಂದು ಅವರು ಹೊರಡಲಿಲ್ಲ, ನನಗೆ ಅದೇ ಇಷ್ಟವಾಯಿತು. ಹೊಳೆಯುವಂತೆ ತಿದ್ದಿದ ವಿಮಾನ ಫೋಟೋಗೆ ಚೆನ್ನ. ಆದರೆ ತಿದ್ದುವ ಭರದಲ್ಲಿ ತೇಪೆಗಳು, ಮೆಕ್ಯಾನಿಕ್ ಗೀಚಿದ ಗುರುತುಗಳು, ಹಳೆಯ ಬಣ್ಣದ ಪದರಗಳು ಎಲ್ಲ ಅಳಿಸಿಹೋಗುತ್ತವೆ.

ಇನ್ನೊಂದು ಮಾತು. ಎಷ್ಟೋ ಮ್ಯೂಸಿಯಂಗಳಲ್ಲಿ ವಾಯುಪಡೆಯಿಂದ ನಿವೃತ್ತರಾದ ತಂತ್ರಜ್ಞರು ಸ್ವಯಂಸೇವಕರಾಗಿ ಓಡಾಡುತ್ತಿರುತ್ತಾರೆ. ಅವರನ್ನು ವಿಮಾನದ ವೇಗ ಕೇಳಬೇಡಿ. ಇದರಲ್ಲಿ ಯಾವ ಕೆಲಸ ಜಾಸ್ತಿ ತಲೆನೋವು ಕೊಡುತ್ತಿತ್ತು ಎಂದು ಕೇಳಿ. ಹ್ಯಾರಿಯರ್‌ನಲ್ಲಿ ಎಂಜಿನ್ ಬದಲಿಸಬೇಕೆಂದರೆ ಮೊದಲು ಇಡೀ ರೆಕ್ಕೆಯನ್ನೇ ಎತ್ತಿ ಪಕ್ಕಕ್ಕಿಡಬೇಕಿತ್ತು. ಆ ಕೆಲಸ ಮಾಡಿದವರೇ ಸಿಕ್ಕಿಬಿಟ್ಟರೆ, ಅವತ್ತು ಉಳಿದ ವಿಮಾನಗಳನ್ನು ನೋಡಲು ನಿಮಗೆ ಟೈಮ್ ಸಿಗುವುದು ಡೌಟು.